ಅಡಿಕೆ ಮನೆಗೆ ತಿಂಗಳ ಸಂಬಳ: ನನ್ನ ಅನುಭವ

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎರಡು ಎಕರೆಗೆ ತುಸು ಕಡಿಮೆಯ ಅಡಿಕೆ ತೋಟ. ಕೊನೆ (ಅಡಿಕೆ ಗೊನೆ) ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ, ಎಂದರೆ ಅಡಿಕೆ ವರ್ತಕರ ಅಂಗಡಿಗೆ, ಹಾಕಿದ ಮೇಲೆ ಹಣ ಒಟ್ಟಿಗೆ ಕೈಗೆ ಬರುತ್ತದೆ; ಖರ್ಚು ಮಾತ್ರ ದಿನವೂ ಬಾಗಿಲು ತಟ್ಟುತ್ತದೆ. ಫಾಲ್ಗುಣದಲ್ಲಿ ಸಾಹುಕಾರನಂತೆ ತಿರುಗಾಡಿ, ಶ್ರಾವಣದ ಹೊತ್ತಿಗೆ ಮಂಡಿಯ ಗದ್ದುಗೆಯ ಮುಂದೆ ಮುಂಗಡಕ್ಕೆ ನಿಲ್ಲುವುದು ನಮ್ಮ ಅಜ್ಜನ ಕಾಲದಿಂದಲೂ ನಡೆದುಬಂದ ಪದ್ಧತಿ. ಮುಂಗಡ ಕೊಟ್ಟವನು ಹೇಳಿದ ದಿನ, ಹೇಳಿದ ದರಕ್ಕೆ ಅಡಿಕೆ ಬಿಡಬೇಕಾಗುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 2017ರಿಂದ ಈಚೆಗೆ ನಾನು ಯಾವ ಮಂಡಿಯಿಂದಲೂ ಒಂದು ರೂಪಾಯಿ ಮುಂಗಡ ತೆಗೆದಿಲ್ಲ. ಹೇಗೆ ಎಂದು ಕೇಳಿದವರಿಗೆಲ್ಲ ಬಾಯಿಮಾತಿನಲ್ಲಿ ಹೇಳಿ ಸಾಕಾಗಿರುವುದರಿಂದ ಬರೆಯುತ್ತಿದ್ದೇನೆ. ಅಂದು ನಕ್ಕವರಲ್ಲಿ ಇಬ್ಬರು ಇಂದು ಇದನ್ನೇ ಮಾಡುತ್ತಿದ್ದಾರೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಾನು ಮಾಡಿದ್ದು ಇಷ್ಟು. ಅಡಿಕೆಯ ಹಣ ನನ್ನದಲ್ಲ, ತೋಟದ್ದು ಎಂದು ಅದಕ್ಕೊಂದು ಪ್ರತ್ಯೇಕ ಖಾತೆ ಮಾಡಿ, ಆ ಖಾತೆಯಿಂದ ಪ್ರತಿ ತಿಂಗಳ ಒಂದನೇ ತಾರೀಖು ಮನೆಗೆ ಸಂಬಳವೆಂದು ನಿಗದಿಯಾದ ಮೊತ್ತ ಮನೆಯಾಕೆಯ ಖಾತೆಗೆ ಹೋಗುವಂತೆ ಮಾಡಿದೆ. ದಿನಸಿ, ಗ್ಯಾಸು, ಬಟ್ಟೆ, ಮದುವೆ ಮುಯ್ಯಿ, ಬಸ್ಸಿನ ದುಡ್ಡು ಎಲ್ಲವೂ ಆ ಸಂಬಳದಲ್ಲೇ ಮುಗಿಯಬೇಕು. ನಾನು ತೋಟದ ಕೆಲಸಕ್ಕೆ ಪೇಟೆಗೆ ಹೋದಾಗಿನ ಖರ್ಚು ಮಾತ್ರ ತೋಟದ್ದು. ಎಳ್ಳಮಾವಾಸ್ಯೆ ಜಾತ್ರೆಯ ಜನಜಂಗುಳಿಯ ನಡುವೆ ನಮ್ಮ ಭಾವ, ‘ಏನು ಕಂಪನಿ ಯಜಮಾನರೇ, ಈ ವರ್ಷ ಬೋನಸ್ ಎಷ್ಟು ಕೊಡುತ್ತೀರಿ?’ ಎಂದು ನಾಲ್ಕು ಜನ ಕೇಳುವಂತೆ ಗೇಲಿ ಮಾಡಿದ್ದರು. ಅವರು ನಗುವುದಕ್ಕೆ ಕಾರಣವಿತ್ತು, ಏಕೆಂದರೆ ನಾನು ಆ ಹೊತ್ತಿಗೆ ಎರಡು ಸಲ ಸೋತಿದ್ದೆ.

ಅದಕ್ಕೂ ಹಿಂದೆ ಕೈ ಸುಟ್ಟುಕೊಂಡ ಕಥೆಗಳು ಬೇರೆಯೇ ಇವೆ. 2003ರ ಸುಮಾರಿಗೆ ಹಸಿ ವೆನಿಲ್ಲಾ ಕೋಡು ಕಿಲೋಗೆ ಮೂರು ಸಾವಿರ ದಾಟಿತೆಂಬ ಸುದ್ದಿ ಕೇಳಿ, ಅಡಿಕೆ ಮರದ ಬುಡದಲ್ಲೆಲ್ಲ ಬಳ್ಳಿ ಹಬ್ಬಿಸಲು ಸಾಲ ಮಾಡಿದವರಲ್ಲಿ ನಾನೂ ಒಬ್ಬ. ಬೆಳಗಿನ ಜಾವ ಎದ್ದು ಒಂದೊಂದು ಹೂವಿಗೂ ಕಡ್ಡಿಯಿಂದ ಪರಾಗಸ್ಪರ್ಶ ಮಾಡಿ, ಕೋಡು ಕೈಗೆ ಬರುವ ಹೊತ್ತಿಗೆ ಕಿಲೋಗೆ ನೂರು ರೂಪಾಯಿ ಕೊಡುವವರೂ ಸಿಗಲಿಲ್ಲ. ಎಂಬತ್ತು ಸಾವಿರದಷ್ಟು ಹೋಯಿತು. ಅದನ್ನು ತೀರಿಸಲು ಐದು ಕೊಯ್ಲು ಬೇಕಾಯಿತು. ಆಮೇಲೆ ಪೇಟೆಯ ಒಂದು ಚೀಟಿ: ಐವತ್ತು ತಿಂಗಳು, ತಿಂಗಳಿಗೆ ಎರಡು ಸಾವಿರ. ಮೂವತ್ತೊಂದನೆಯ ಕಂತು ಕಟ್ಟಿದ ಮರುವಾರ ಚೀಟಿ ನಡೆಸುತ್ತಿದ್ದವನ ಮನೆಗೆ ಬೀಗ ಬಿದ್ದಿತ್ತು. ಚೀಟಿ ನಡೆಸುವವರು 1982ರ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿರಬೇಕು ಎಂಬ ವಿಷಯ ನನಗೆ ತಿಳಿದದ್ದು ಆ ಬೀಗದ ಮುಂದೆ ನಿಂತಿದ್ದಾಗಲೇ. ನೆಂಟರೊಬ್ಬರ ಮಾತಿಗೆ ಕಟ್ಟುಬಿದ್ದು ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ ಕಟ್ಟುತ್ತಿದ್ದ ಪಾಲಿಸಿಯೂ ಇತ್ತು. ನಾನು ಸತ್ತರೆ ಮನೆಗೆ ಬರುವುದು ಮೂರು ಲಕ್ಷ ಚಿಲ್ಲರೆ ಎಂದು ಒಂದು ರಾತ್ರಿ ಲೆಕ್ಕ ಹಾಕಿದಾಗ, ಅದು ವಿಮೆಯೂ ಅಲ್ಲ, ಉಳಿತಾಯವೂ ಅಲ್ಲ ಎನಿಸಿತು. ನಷ್ಟ ಮಾಡಿಕೊಂಡೇ ಅದನ್ನು ಬಿಡಿಸಿ, ವರ್ಷಕ್ಕೆ ಹನ್ನೊಂದು ಸಾವಿರದ ಆಸುಪಾಸಿನಲ್ಲಿ ಐವತ್ತು ಲಕ್ಷದ ಅವಧಿ ವಿಮೆ ಮಾಡಿಸಿದೆ. ಆ ನೆಂಟರು ಈಗಲೂ ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ.

ಸಂಬಳದ ಮೊದಲ ಪ್ರಯತ್ನ 2014ರದ್ದು. ಆ ವರ್ಷ ರಾಶಿ ಇಡಿ ಎಂಬ ಕೆಂಪಡಿಕೆ ಕ್ವಿಂಟಾಲಿಗೆ ಎಪ್ಪತ್ತು ಸಾವಿರ ದಾಟಿದ್ದು ನಿಮಗೆಲ್ಲ ನೆನಪಿರಬೇಕು. ಆ ಅಮಲಿನಲ್ಲಿ ಮನೆಗೆ ತಿಂಗಳಿಗೆ ಮೂವತ್ತು ಸಾವಿರ ಎಂದು ಗೊತ್ತುಮಾಡಿದೆ. ಮುಂದಿನ ವರ್ಷ ದರ ಅರ್ಧಕ್ಕಿಂತ ಕೆಳಗೆ ಬಿತ್ತು, ಸಂಬಳ ಮಾತ್ರ ಮೂವತ್ತರಲ್ಲೇ ನಿಂತಿತು. ಆಷಾಢದಲ್ಲಿ ಖಾತೆ ಬರಿದಾಗಿ, ಮತ್ತೆ ಅದೇ ಮಂಡಿ, ಅದೇ ಗದ್ದುಗೆ, ಅರವತ್ತು ಸಾವಿರ ಮುಂಗಡ. ಎರಡನೆಯ ಸಲ ಬ್ಯಾಂಕೇ ಬೇಡವೆಂದು ಹನ್ನೆರಡು ಲಕೋಟೆಗಳಲ್ಲಿ ತಿಂಗಳ ಹೆಸರು ಬರೆದು ನಗದನ್ನೇ ಕಪಾಟಿನಲ್ಲಿಟ್ಟೆ. ಅದು 2016. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡೆಯುವುದಿಲ್ಲವೆಂದು ಟಿವಿಯಲ್ಲಿ ಕೇಳಿದಾಗ ಕಪಾಟಿನಲ್ಲಿ ಇನ್ನೂ ಐದು ಲಕೋಟೆಗಳಿದ್ದವು. ಹಣ ಹೋಗಲಿಲ್ಲ, ಆದರೆ ಕೊನೆ ಇಳಿಸುವ ಸುಗ್ಗಿಯ ನಾಲ್ಕು ದಿನ ಬ್ಯಾಂಕಿನ ಸಾಲಿನಲ್ಲಿ ಕಳೆದುಹೋಯಿತು, ಮರ ಹತ್ತಿ ಕೊನೆ ಇಳಿಸುವ ಕೊನೆಗಾರನಿಗೆ ಕೊಡಲು ಚಿಲ್ಲರೆಯೂ ಇಲ್ಲದಂತಾಯಿತು.

ಮೂರನೆಯ ಸಲ ಕುಳಿತದ್ದು ಹತ್ತು ವರ್ಷದ ಮಾರಾಟದ ಮಂಡಿ ಪಟ್ಟಿಗಳನ್ನೆಲ್ಲ ಮುಂದೆ ಹರಡಿಕೊಂಡು. ಎಲ್ಲರೂ ಸರಾಸರಿ ಹಿಡಿಯುತ್ತಾರೆ. ನಾನು ಅತಿ ಕಡಿಮೆ ಫಸಲು ಬಂದ ವರ್ಷದ ತೂಕವನ್ನೂ, ಅತಿ ಕಡಿಮೆ ದರ ಸಿಕ್ಕ ವರ್ಷದ ದರವನ್ನೂ, ಅವೆರಡೂ ಒಂದೇ ವರ್ಷ ಬಂದಿರದಿದ್ದರೂ, ಜೋಡಿಸಿ ಗುಣಿಸಿದೆ. ಒಂಬತ್ತು ಕ್ವಿಂಟಾಲ್, ಇಪ್ಪತ್ತೆಂಟು ಸಾವಿರ: ಎರಡೂವರೆ ಲಕ್ಷ. ಔಷಧಿ, ಗೊಬ್ಬರ, ಕೂಲಿಗೆ ಒಂದು ಲಕ್ಷದ ಮೇಲೆ ಸ್ವಲ್ಪ ಕಳೆದರೆ ಉಳಿದದ್ದು ಒಂದು ಲಕ್ಷ ನಲವತ್ತು ಸಾವಿರದಷ್ಟು. ಹಾಗಾಗಿ ಸಂಬಳ ತಿಂಗಳಿಗೆ ಹನ್ನೆರಡು ಸಾವಿರ. ಮನೆಯಾಕೆ ಕಾಗದವನ್ನು ಎರಡು ಸಲ ನೋಡಿ, ‘ಮಗಳ ಶಾಲೆಯ ಫೀಸೂ ಇದರಲ್ಲೇ ಕಟ್ಟಬೇಕೋ?’ ಎಂದು ಕೇಳಿದಳು. ಆ ಪ್ರಶ್ನೆಯೇ ಇಡೀ ಯೋಜನೆಯನ್ನು ಉಳಿಸಿತು. ಹಿಂದಿನ ಎರಡು ಸಲವೂ ಸಂಬಳವನ್ನು ಮುಗಿಸಿದ್ದು ದಿನಸಿ ಅಂಗಡಿಯಲ್ಲ. ಜೂನ್ ತಿಂಗಳ ಫೀಸು, ವಿಮೆಯ ಕಂತು, ತಂದೆಯ ತಿಥಿ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ. ಅವಳ ತವರು ಸಾಗರ. ಒಂಬತ್ತು ದಿನದ ಜಾತ್ರೆಗೆ ಹೋಗಿಬಂದರೆ ಹದಿನೈದು ಸಾವಿರಕ್ಕೆ ಕಡಿಮೆ ಇಲ್ಲ. ಅದು ತಿಂಗಳಿಗೆ ನಾನೂರು ಚಿಲ್ಲರೆಯ ಖರ್ಚು ಎಂದು ನೋಡಿದ ಮೇಲೆ, ವರ್ಷಕ್ಕೋ ಮೂರು ವರ್ಷಕ್ಕೋ ಬರುವ ಖರ್ಚುಗಳಿಗೆಲ್ಲ ಮೂರನೆಯದೊಂದು ಖಾತೆ ತೆರೆದು, ಕೊಯ್ಲಿನ ಮೊದಲ ಹಣದಲ್ಲೇ ಅದನ್ನು ತುಂಬಿಸಿಡಲಾರಂಭಿಸಿದೆವು.

ಮೊದಲ ಐದಾರು ತಿಂಗಳು ಒಂದನೇ ತಾರೀಖು ಕೊಟ್ಟಿಗೆಯ ಹಿಂದಿನ ಗುಡ್ಡ ಹತ್ತಿ, ಗೇರುಮರದ ಬುಡದಲ್ಲಿ ಸಿಗ್ನಲ್ ಹಿಡಿದು ಹಣ ಕಳಿಸುತ್ತಿದ್ದೆ. ಮಳೆಗಾಲದಲ್ಲಿ ಅದೂ ಸಿಗದೆ ಏಳನೇ ತಾರೀಖಾದಾಗ, ಸಂಬಳ ತಡವಾದರೆ ಯಾವ ನೌಕರರು ಸುಮ್ಮನಿರುತ್ತಾರೆ ಎಂಬ ಮಾತು ಒಳಮನೆಯಿಂದ ಬಂತು. ಆಮೇಲೆ ಬ್ಯಾಂಕಿಗೆ ಹೋಗಿ, ತಾನಾಗಿಯೇ ಹೋಗುವಂತೆ ಬರೆದುಕೊಟ್ಟು ಬಂದೆ.

ಅಡಿಕೆ ಮಾರುವ ಕ್ರಮವನ್ನೂ ಬದಲಿಸಬೇಕಾಯಿತು. ಒಂದು ಪಾಲು ಪುಷ್ಯ ಮಾಸದೊಳಗೆ ಕೂಲಿಗೆ ಮತ್ತು ಮೂರನೆಯ ಖಾತೆಗೆ. ಇನ್ನೊಂದು ಪಾಲು ಬೆಳೆಸಾಲದ ಗಡುವಿಗೆ ಸ್ವಲ್ಪ ಮುಂಚೆ. ಉಳಿದದ್ದು ಮಳೆಗಾಲ ದಾಟಿಸಿ. ಎರಡನೆಯ ಪಾಲನ್ನು ಯಾವ ವಾರ ಬಿಡುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಇದೆಲ್ಲದರ ಮೇಲೆ ಮೂರು ಕ್ವಿಂಟಾಲ್ ‘ಹಳೆ ಅಡಿಕೆ’ ಹೊಸ ಫಸಲು ಅಟ್ಟದ ಮೇಲೆ ಒಣಗುವವರೆಗೂ ಮನೆ ಬಿಟ್ಟು ಹೋಗಬಾರದು ಎಂಬ ನಿಯಮ. ಆಪತ್ಕಾಲದ ಹಣವನ್ನು ಅಡಿಕೆಯಾಗಿಯೇ ಇಟ್ಟದ್ದಕ್ಕೆ ತಿಳಿದವರು ಬೈದರು. ಬ್ಯಾಂಕಿನಲ್ಲಿದ್ದರೆ ಬಡ್ಡಿ ಬರುತ್ತಿತ್ತಲ್ಲ ಎಂದರು. ಬ್ಯಾಂಕಿನಲ್ಲಿದ್ದ ಹಣ ಮೊಬೈಲಿನ ಮೇಲೆ ಬೆರಳಿಟ್ಟರೆ ಖರ್ಚಾಗುತ್ತದೆ, ಚೀಲವನ್ನು ಖರ್ಚು ಮಾಡಬೇಕಾದರೆ ಜೀಪು ಕರೆಸಬೇಕು, ಇಬ್ಬರು ಹೊರಬೇಕು, ಮನೆಯಾಕೆಗೆ ಕಾರಣ ಹೇಳಬೇಕು.

ಮೊದಲ ವರ್ಷ ಆ ಚೀಲಗಳೂ ಕೈಕೊಟ್ಟವು. ಗೋಣಿಚೀಲದಲ್ಲಿ ತುಂಬಿ ಗೋಡೆಗೆ ಒರಗಿಸಿಟ್ಟಿದ್ದೆ. ಮಘೆ ಮಳೆ ಮುಗಿದ ಮೇಲೆ ದಬ್ಬಣದ ಹೊಲಿಗೆ ಬಿಚ್ಚಿ ಕೈಹಾಕಿದರೆ ಅಂಗೈಗೆ ಬಿಳಿ ಬೂಷ್ಟು ಅಂಟಿಕೊಂಡು ಬಂತು, ಹಲ್ಲಲ್ಲಿ ಕಚ್ಚಿದರೆ ‘ಕಟ್’ ಎನ್ನಬೇಕಾದ ಅಡಿಕೆ ಮೆತ್ತಗೆ ಬಾಗಿತು. ಮಂಡಿಯಲ್ಲಿ ಕ್ವಿಂಟಾಲಿಗೆ ನಾಲ್ಕು ಸಾವಿರ ಇಳಿಸಿದರು. ಮರುವರ್ಷದಿಂದ ಮೃಗಶಿರಾ ಮಳೆ ಹಿಡಿಯುವ ಮುಂಚೆ ಮತ್ತೆರಡು ಬಿಸಿಲು ಕಾಣಿಸಿ, ಗೋಣಿಯೊಳಗೆ ಎರಡು ಪದರ ಪ್ಲಾಸ್ಟಿಕ್ ಚೀಲ ಹಾಕಿ, ನೆಲದಿಂದ ಒಂದು ಮೊಳ ಎತ್ತರಕ್ಕೆ ಹಲಗೆ ಹೊಡೆದು, ಅಡುಗೆಮನೆಯ ಒಲೆಯ ಬೆನ್ನಿಗಿರುವ ಗೋಡೆಯ ಕಡೆ ಇಟ್ಟೆ. ವರ್ಷ ದಾಟಿದರೂ ಅಡಿಕೆ ಬೇಯಿಸಿದ ಚೊಗರಿನ ಕೆಂಪು ಬಣ್ಣ ಮಾಸದಂತೆ ನಾನು ಮಾಡುವ ಇನ್ನೊಂದು ಕೆಲಸವಿದೆ. ಅದನ್ನು ಭಾವನಿಗೂ ಹೇಳಿಲ್ಲ.

ಪರೀಕ್ಷೆ ಬಂದದ್ದು 2019ರ ಆಗಸ್ಟ್‌ನಲ್ಲಿ. ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ ಆ ಮಳೆಯಲ್ಲಿ ಎರಡನೆಯ ಸಲ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಒಂದು ದಿನದ ಹೊಳವೂ ಸಿಗದೆ, ಕೊಳೆರೋಗಕ್ಕೆ ಕಾಯಿಗಳು ಉದುರಿ ಮರದ ಬುಡ ಹಸಿರು ಹಾಸಿದಂತಾಗಿತ್ತು. ಆ ವರ್ಷ ಆದದ್ದು ಎಂಟು ಕ್ವಿಂಟಾಲ್, ನನ್ನ ಕೆಟ್ಟ ಲೆಕ್ಕಕ್ಕಿಂತಲೂ ಒಂದು ಕಡಿಮೆ. ಅದರ ಬೆನ್ನಿಗೇ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮಂಡಿಗಳು ಮುಚ್ಚಿದವು. ನೆರೆಮನೆಯವರು ಒಡವೆ ಅಡವಿಡಲು ಅಲೆಯುತ್ತಿದ್ದಾಗ ನಮ್ಮ ಮನೆಗೆ ಏಪ್ರಿಲ್ 1ಕ್ಕೂ, ಮೇ 1ಕ್ಕೂ ಸಂಬಳವಾಯಿತು. ಜಂಬವೆಂದರೆ ಜಂಬವೇ, ಆ ಎರಡು ತಿಂಗಳ ಪಾಸ್‌ಬುಕ್ ಪುಟವನ್ನು ನಾನು ಕೆಲವರಿಗೆ ತೋರಿಸಿದ್ದೇನೆ.

2021ರ ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅಡಿಕೆ ದಬ್ಬೆಯಿಂದ ಕಾಲು ಜಾರಿ ಅಮ್ಮನ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯವರು ಒಂದು ಲಕ್ಷ ಇಪ್ಪತ್ತು ಸಾವಿರ ಎಂದು ಹೇಳಿ, ಬಿಡುಗಡೆಯ ದಿನ ಒಂದು ಲಕ್ಷ ತೊಂಬತ್ತು ಸಾವಿರದ ಬಿಲ್ಲು ಕೈಗಿಟ್ಟರು. 2003ರಿಂದ ನಾವು ನೆಚ್ಚಿಕೊಂಡಿದ್ದ, ಸಹಕಾರ ಸಂಘದ ಸದಸ್ಯರಿಗಿರುವ ಆರೋಗ್ಯ ಯೋಜನೆ ಯಶಸ್ವಿನಿ 2018ರಲ್ಲೇ ನಿಂತುಹೋಗಿತ್ತು, ಅದು ಮತ್ತೆ ಶುರುವಾದದ್ದು 2022ರ ಕೊನೆಗೆ. ಹಳೆ ಅಡಿಕೆಯ ಮೂರು ಕ್ವಿಂಟಾಲ್ ಜೀಪು ಹತ್ತಿತು, ಕ್ವಿಂಟಾಲಿಗೆ ನಲವತ್ತೈದು ಸಾವಿರದ ಆಸುಪಾಸಿನ ದರ ಸಿಕ್ಕಿತು, ಉಳಿದದ್ದನ್ನು ಮೂರನೆಯ ಖಾತೆ ಹೊತ್ತಿತು. ಪಟ್ಟಿ ಬರೆಯುವಾಗ ಮಂಡಿಯವರು, ‘ಈ ಕಾಲದಲ್ಲಿ ಹಳೆ ಮಾಲು ಎಲ್ಲಿತ್ತು ನಿಮ್ಮ ಹತ್ತಿರ?’ ಎಂದು ಕೇಳಿದರು. ಯಶಸ್ವಿನಿಗೆ ಈಗ ಮತ್ತೆ ಐನೂರು ಕಟ್ಟುತ್ತಿದ್ದೇನೆ, ಆದರೆ ಅದನ್ನು ನಂಬಿ ಚೀಲ ಕಡಿಮೆ ಮಾಡಿಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲದಲ್ಲಿ ಎರಡು ಲಕ್ಷವನ್ನು ಒಮ್ಮೆ ಠೇವಣಿ ಇಟ್ಟು ಬಡ್ಡಿ ತಿನ್ನಲು ಹೊರಟೆ; ತಪ್ಪೆಂದು ಗೊತ್ತಿದ್ದೇ ಮಾಡಿದ್ದು. ತಮ್ಮನ ಮದುವೆಗೆ ಠೇವಣಿ ಮುರಿದು, ಗಡುವು ಹನ್ನೊಂದು ದಿನ ತಪ್ಪಿ, ಶೂನ್ಯ ಬಡ್ಡಿ ಪೂರ್ತಿ ಬಡ್ಡಿಯಾಗಿ, ಬಂದ ಲಾಭವೆಲ್ಲ ಹೋಯಿತು. ಕಾಳುಮೆಣಸನ್ನು ಠೇವಣಿಯೆಂದು ಇಟ್ಟದ್ದು ಮಾತ್ರ ಗೆದ್ದಿತು: ಕಿಲೋಗೆ ಮುನ್ನೂರು ಚಿಲ್ಲರೆ ಇದ್ದಾಗ ಮಾರದೆ ಇಟ್ಟ ಎರಡು ಚೀಲಕ್ಕೆ 2023ರಲ್ಲಿ ಹತ್ತಿರಹತ್ತಿರ ಎರಡರಷ್ಟು ಬಂತು. ಹವಾಮಾನ ಆಧಾರಿತ ಬೆಳೆ ವಿಮೆಗೆ ಹೆಕ್ಟೇರಿಗೆ 6,400ರ ಲೆಕ್ಕದಲ್ಲಿ ಕಟ್ಟುತ್ತೇನೆ, ಆದರೆ ಅದು ಪಂಚಾಯಿತಿಯ ಮಳೆಮಾಪಕ ಹೇಳಿದಂತೆ ಬರುವ ಹಣ, ನನ್ನ ತೋಟ ಹೇಳಿದಂತೆ ಬರುವುದಲ್ಲ. ಹಾಗಾಗಿ ಬಂದರೆ ಗೊಬ್ಬರಕ್ಕೆ, ಸಂಬಳದ ಲೆಕ್ಕಕ್ಕಿಲ್ಲ. ಮನೆಯಾಕೆಯ ಗೃಹಲಕ್ಷ್ಮಿಯ ಎರಡು ಸಾವಿರ ಅಂಚೆ ಕಚೇರಿಯ ಆರ್‌ಡಿಗೆ ಹೋಗುತ್ತದೆ, ಅದರ ಪಾಸ್‌ಬುಕ್ ನನಗೆ ತೋರಿಸುವುದಿಲ್ಲ.

ಹಣ ಎಲ್ಲಿಡಬೇಕು ಎಂಬುದನ್ನು ಪಕ್ಕದ ಹೋಬಳಿಯ ಸಂಘವೊಂದು ಠೇವಣಿ ವಾಪಸು ಕೊಡಲಾಗದೆ ಕೈಚೆಲ್ಲಿದಾಗ ಕಲಿತೆ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರರಿಗೆ ಐದು ಲಕ್ಷದವರೆಗೆ ವಿಮೆಯಿದೆ, 2020ರ ಫೆಬ್ರವರಿಗೆ ಮುಂಚೆ ಅದು ಒಂದೇ ಲಕ್ಷವಿತ್ತು. ಹಳ್ಳಿಯ ಪ್ರಾಥಮಿಕ ಸಹಕಾರ ಸಂಘದ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಒಂದು ಪೈಸೆ ಬಡ್ಡಿ ಹೆಚ್ಚೆಂದು ಅಲ್ಲಿಟ್ಟಿದ್ದನ್ನು ಬ್ಯಾಂಕಿಗೆ ತಂದೆ, ಸಂಘದಲ್ಲಿ ಸಾಲ ಮಾತ್ರ ಉಳಿಸಿಕೊಂಡೆ. ಚಿಕ್ಕಪ್ಪ ತೀರಿಕೊಂಡಾಗ ಅವರೊಬ್ಬರದೇ ಹೆಸರಿನ, ನಾಮಿನಿ ಇಲ್ಲದ ಖಾತೆಯ ಹಣಕ್ಕಾಗಿ ಚಿಕ್ಕಮ್ಮ ಏಳೆಂಟು ತಿಂಗಳು ಕಚೇರಿ ಸುತ್ತಿದ್ದನ್ನು ನೋಡಿದ ಮೇಲೆ, ನಮ್ಮ ಮೂರು ಖಾತೆಗಳೂ ಇಬ್ಬರ ಹೆಸರಿನಲ್ಲಿ, ಯಾರಾದರೊಬ್ಬರು ಅಥವಾ ಉಳಿದವರು ತೆಗೆಯಬಹುದಾದಂತೆ ಇವೆ. ನಮ್ಮ ಕೊನೆಗಾರನಿಗೂ ವರ್ಷಕ್ಕೆ ಇಪ್ಪತ್ತು ರೂಪಾಯಿಯ ಅಪಘಾತ ವಿಮೆಯನ್ನು ಅವನ ಖಾತೆಯಿಂದಲೇ ಮಾಡಿಸಿ, ನಾಮಿನಿ ಕಾಲಂ ಎದುರಿಗೇ ಕುಳಿತು ತುಂಬಿಸಿದ್ದೇನೆ. ಎರಡು ಲಕ್ಷ ದೊಡ್ಡದಲ್ಲ, ಆದರೆ ಮರದಿಂದ ಬಿದ್ದವನ ಮನೆಯಲ್ಲಿ ಅದೂ ಇಲ್ಲದಿರುವುದನ್ನು ಕಂಡಿದ್ದೇನೆ.

ಸಂಬಳ ಹನ್ನೆರಡರಿಂದ ಹದಿನಾಲ್ಕು, ಹದಿನಾರು ಎಂದು ಏರಿ ಇಪ್ಪತ್ತು ಸಾವಿರಕ್ಕೆ ಬಂದು ನಿಂತಿತ್ತು. ಈಗ ಎಲೆಚುಕ್ಕಿ ರೋಗ ನಮ್ಮ ಸಾಲಿನ ತೋಟಗಳಿಗೂ ಇಳಿದಿದೆ. ಕಳೆದ ಕೊಯ್ಲಿನಲ್ಲಿ ಏಳು ಕ್ವಿಂಟಾಲ್ ಚಿಲ್ಲರೆ ಆಯಿತು, ಎಂದರೆ ‘ಅತಿ ಕಡಿಮೆ ಫಸಲು’ ಎಂಬ ಅಂಕಿಯನ್ನೇ ಮತ್ತೆ ಬರೆಯಬೇಕಾಯಿತು. ಮಂಡಿ ಪಟ್ಟಿಗಳನ್ನು ಮತ್ತೆ ಹರಡಿಕೊಂಡು ಕುಳಿತು, ಸಂಬಳವನ್ನು ಹದಿನೆಂಟಕ್ಕೆ ಇಳಿಸಿದ್ದೇವೆ. ಮನೆಯಾಕೆ ಒಂದೇ ಷರತ್ತಿನ ಮೇಲೆ ಒಪ್ಪಿದಳು: ಪೇಟೆಗೆ ಹೋದಾಗ ನಾನು ತಿನ್ನುವ ಮಸಾಲೆದೋಸೆಯನ್ನು ಇನ್ನು ಮುಂದೆ ತೋಟದ ಖಾತೆಗೆ ಬರೆಯುವಂತಿಲ್ಲ.