ಎಲೆಕ್ಷನ್‌ಗೆ ಮನೆ ಮನೆ ಸುತ್ತಿದ ನನ್ನ ಅನುಭವ

2023ರ ವಿಧಾನಸಭೆ ಎಲೆಕ್ಷನ್‌ನಲ್ಲಿ ನಾನು ಬೆಂಗಳೂರಿನ ಹನುಮಂತನಗರ, ಶ್ರೀನಗರದ ಕಡೆ ಒಬ್ಬ ಅಭ್ಯರ್ಥಿ ಪರವಾಗಿ ಮನೆ ಮನೆ ಪ್ರಚಾರ ಮಾಡಿದ್ದೆ. ಯಾವ ಪಾರ್ಟಿ ಅಂತ ಬರೆಯಲ್ಲ, ಬರೆದ್ರೆ ಮಿಕ್ಕಿದ್ದು ಯಾರೂ ಓದಲ್ಲ. ದುಡ್ಡು ತಗೊಂಡು ಹೋಗಿದ್ದಲ್ಲ, ಬರೀ ವಾಲಂಟಿಯರ್. ಆಮೇಲಿಂದ ಗೊತ್ತಿರೋರು ಸುಮಾರು ಜನ ಕೇಳಿದಾರೆ, ಹೆಂಗ್ ಮಾಡಿದ್ರಿ, ಜನ ಬೈಯಲ್ವಾ, ಬಾಗಿಲಲ್ಲಿ ನಿಂತು ಏನ್ ಮಾತಾಡ್ಬೇಕು ಅಂತ. ಮಾತು ಅಷ್ಟು ಮುಖ್ಯ ಅಲ್ಲ ರೀ. ಬಾಗಿಲಲ್ಲಿ ನಮಗೆ ಸಿಗೋದು ಹೆಚ್ಚಂದ್ರೆ ಒಂದ್ ನಿಮಿಷ, ಅಷ್ಟರಲ್ಲಿ ಯಾರ ಮನಸ್ಸೂ ಬದಲಾಗಲ್ಲ. ಮತದಾರರ ಪಟ್ಟಿ ಕೈಯಲ್ಲಿ ಹಿಡ್ಕೊಂಡು ಯಾರು ಇದಾರೆ, ಯಾರು ಮನೆ ಖಾಲಿ ಮಾಡಿದಾರೆ, ಯಾರು ನಮ್ಮ ಕಡೆ, ಅವ್ರು ಆವತ್ತು ಬೂತಿಗೆ ಬರ್ತಾರಾ ಇಲ್ವಾ, ಇಷ್ಟು ತಿಳ್ಕೊಂಡು ಗುರುತು ಹಾಕ್ಕೊಂಡು ಬರೋದೇ ಕೆಲಸ. ಭಾಷಣ ಮಾಡೋಕೆ ವೇದಿಕೆ ಇದೆ, ಅದಕ್ಕೆ ಬೇರೆ ಜನ ಇದಾರೆ.

ಟೈಮ್ ಎಷ್ಟು ಕಮ್ಮಿ ಅಂತ ಮೊದಲು ಹೇಳ್ತೀನಿ. ಆ ಸಲ ನಾಮಪತ್ರ ಸಲ್ಲಿಸೋಕೆ ಏಪ್ರಿಲ್ 20 ಕೊನೇ ದಿನ, ವಾಪಸ್ ತಗೊಳ್ಳೋಕೆ 24, ವೋಟಿಂಗು ಮೇ 10. ಬಹಿರಂಗ ಪ್ರಚಾರ ಮೇ 8ರ ಸಂಜೆ 6ಕ್ಕೆ ಬಂದ್. ಅಂದ್ರೆ ಕಣದಲ್ಲಿ ಯಾರ್ ಯಾರು ಅಂತ ಗಟ್ಟಿಯಾದ ಮೇಲೆ ಎರಡೇ ವಾರ, ಅದೂ ಬಿಸಿಲಲ್ಲಿ, ಮಧ್ಯದಲ್ಲಿ ಮಳೆ ಬೇರೆ. ಅಷ್ಟರಲ್ಲಿ ಒಂದು ಬೂತಿನ ಎಲ್ಲಾ ಮನೆ ಮುಟ್ಟಬೇಕು.

ಪಟ್ಟಿ ನೋಡಿಲ್ಲದೆ ಇರೋರಿಗೆ ಹೇಳ್ಬೇಕು ಅಂದ್ರೆ, ಒಂದೊಂದು ಬೂತಿಗೂ ಒಂದು ಭಾಗ ಸಂಖ್ಯೆ ಇರುತ್ತೆ, ಪುಟಕ್ಕೆ 30 ಬಾಕ್ಸು, ಒಂದೊಂದು ಬಾಕ್ಸಲ್ಲೂ ಕ್ರಮ ಸಂಖ್ಯೆ, ಎಪಿಕ್ ನಂಬರ್ (ವೋಟರ್ ಐಡಿ ಕಾರ್ಡಿನ ನಂಬರ್), ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು. ಕೊನೇಲಿ ಪೂರಕ ಪಟ್ಟಿ ಅಂತ ಇರುತ್ತೆ, ಹೊಸದಾಗಿ ಸೇರಿದವರು, ತೆಗೆದವರು ಎಲ್ಲಾ ಅಲ್ಲಿ. ಎಷ್ಟೋ ಜನ ಅದನ್ನ ಪ್ರಿಂಟೇ ತೆಗೆಯಲ್ಲ, ಆಮೇಲೆ ಹೊಸ ಹುಡುಗ್ರ ಹೆಸರೇ ಇಲ್ಲ ಅಂತ ಕೂಗಾಡ್ತಾರೆ. ಬೆಂಗಳೂರಿನ ಹಳೇ ಏರಿಯಾಗಳಲ್ಲಿ ಇನ್ನೊಂದು ತಲೆನೋವು ಮನೆ ನಂಬರ್. ಹಳೇ ನಂಬರ್ ಒಂದು, ಹೊಸ ನಂಬರ್ ಒಂದು, ಮೇಲಿನ ಮನೆಗೆ ಬಾರ್ ಹಾಕಿ ಇನ್ನೊಂದು. ಪಟ್ಟಿ ನೋಡ್ಕೊಂಡು ನೇರವಾಗಿ ನಡೀತೀನಿ ಅಂದ್ರೆ ಆಗಲ್ಲ, 18 ಆದ್ಮೇಲೆ 41, ಅದಾದ್ಮೇಲೆ 19/2, ಅದು ಹಿಂದಿನ ಕ್ರಾಸಲ್ಲಿರುತ್ತೆ. ಒಂದೇ ಮನೇಲಿ ಗಂಡನ ಹೆಸರು ಮೂರನೇ ಪುಟದಲ್ಲಿ, ಹೆಂಡ್ತಿದು ಇಪ್ಪತ್ತನೇ ಪುಟದಲ್ಲಿ. ಅದಕ್ಕೆ ನಾನು ಹೊರಡೋ ಮುಂಚೆ ಮನೇಲಿ ಕೂತು ರೋಡಿನ ಪ್ರಕಾರ ಬೇರೆ ಹಾಳೆ ಮಾಡ್ಕೋತಿದ್ದೆ. ಬೇಜಾರಿನ ಕೆಲಸ, ಆದ್ರೆ ಬಿಸಿಲಲ್ಲಿ ಗೇಟ್ ಮುಂದೆ ನಿಂತು ಪುಟ ತಿರುವೋದು ತಪ್ಪುತ್ತೆ.

ಗುರುತು ಹಾಕೋಕೆ ಪೆನ್ಸಿಲ್. ಬೆವರಿಗೆ ಪೆನ್ ಇಂಕು ಹರಡುತ್ತೆ, ಮತ್ತೆ ಜನ ಮಾತು ಬದಲಾಯಿಸ್ತಾರೆ. ಟಿಕ್ ಅಂದ್ರೆ ನಮ್ಮೋರು, ಅಡ್ಡಗೆರೆ ಅಂದ್ರೆ ಖಂಡಿತ ಅಲ್ಲ, ಪ್ರಶ್ನೆ ಚಿಹ್ನೆ ಅಂದ್ರೆ ಇನ್ನೊಂದ್ಸಲ ಹೋಗ್ಬೇಕು, ಸೊನ್ನೆ ಅಂದ್ರೆ ಮನೆ ಖಾಲಿ ಮಾಡಿದಾರೆ, ತೀರ್ಕೊಂಡಿದ್ರೆ 'ತೀ'. ಸೊನ್ನೆ ಎಷ್ಟು ಬರುತ್ತೆ ಅಂದ್ರೆ ನಂಬಲ್ಲ ನೀವು, ಬಾಡಿಗೆಯವರು ಹೋಗಿ ವರ್ಷಗಟ್ಟಲೆ ಆಗಿರುತ್ತೆ, ಹೆಸರು ಇಲ್ಲೇ ಇರುತ್ತೆ, ಈಗ ಇರೋರ ಹೆಸರು ಯಾವ್ದೋ ಊರಲ್ಲಿ. ಬೆಂಗಳೂರಲ್ಲಿ ವೋಟ್ ಮಾಡಲ್ಲ, ಮಾಡಲ್ಲ ಅಂತ ಟಿವಿಯವರು ಬಯ್ತಾರಲ್ಲ, ಅದರಲ್ಲಿ ಒಂದಷ್ಟು ಪಾಲು ಸೋಮಾರಿತನ ಅಲ್ಲವೇ ಅಲ್ಲ, ಪಟ್ಟಿಯಲ್ಲಿರೋರು ಆ ಮನೆಯಲ್ಲೇ ಇಲ್ಲ. ಇದು ರೋಡ್ ರೋಡ್ ನಡೆದವರಿಗೆ ಮಾತ್ರ ಗೊತ್ತಾಗೋದು.

'ತೀ' ಬರೆಯೋದು ಕಷ್ಟ. ಒಂದ್ ಮನೇಲಿ ವಯಸ್ಸಾದ ಅಮ್ಮ ಒಬ್ರು, ನಾನು ಯಜಮಾನರ ಹೆಸರು ಓದಿ "ಇದಾರಾ ಅಮ್ಮಾ" ಅಂದೆ. ಹೋಗಿ ನಾಲ್ಕು ವರ್ಷ ಆಯ್ತು ಅಂದ್ರು. ಆಮೇಲೆ "ಇನ್ನೂ ಹೆಸರು ಇದೆಯಾ, ಎಲ್ಲಿ ತೋರ್ಸು" ಅಂತ ಒಳಗಿಂದ ಕನ್ನಡಕ ತಂದು ಹಾಕ್ಕೊಂಡು ಆ ಬಾಕ್ಸ್ ಮೇಲೆ ಬೆರಳಿಟ್ಟು ಓದಿದ್ರು. ವಯಸ್ಸು ತಪ್ಪು ಹಾಕಿದಾರೆ ಅಂತ ಬೇರೆ ಹೇಳಿದ್ರು. "ತೆಗೆಸ್ಬೇಡಮ್ಮಾ, ಎಲ್ಲೋ ಒಂದ್ ಕಡೆ ಇರ್ಲಿ" ಅಂದ್ರು. ತೆಗೆಸೋಕೆ ಫಾರಂ 7 ಇದೆ, ಆ ವಿಷಯ ನಾನು ಎತ್ತಲಿಲ್ಲ, ಹೇಗಿದ್ರೂ ಆ ಎಲೆಕ್ಷನ್‌ಗೆ ಟೈಮ್ ಮುಗಿದಿತ್ತು. ಯಜಮಾನರ ಹೆಸರಿನ ಮುಂದೆ ಟಿಕ್ ಹಾಕ್ಕೊಂಡು ಬಂದೆ, ಯಾಕಂದ್ರೆ ಅವರೇ "ನಮ್ಮನೆಯವರು ನಿಮ್ ಪಾರ್ಟಿನೇ" ಅಂದಿದ್ರು.

ಯಾರ ಜೊತೆ ಹೋಗ್ತೀರಿ ಅನ್ನೋದು ದೊಡ್ಡ ವಿಷಯ. ಶಲ್ಯ ಹಾಕ್ಕೊಂಡು ಹತ್ತು ಹದಿನೈದು ಗಂಡಸರು ಗುಂಪಾಗಿ ಹೋದ್ರೆ ಕಿಟಕಿಯಿಂದಲೇ "ಆಯ್ತು ಆಯ್ತು" ಅಂತಾರೆ, ಬಾಗಿಲು ತೆಗೆಯಲ್ಲ. ನಾವು ಮೂರು ಜನ ಹೆಂಗಸರು, ಅದರಲ್ಲಿ ಒಬ್ರು ಅದೇ ರೋಡಿನವರು. ಅವರಿದ್ರೆ ಸಾಕು, "ಓ ನೀವಾ ಬನ್ನಿ ಬನ್ನಿ" ಅಂತ ಮೆಶ್ ಡೋರ್ ಚಿಲಕ ತೆಗೀತಾರೆ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕು ಗಂಟೆ ತನಕ ಬೆಲ್ ಒತ್ತಲೇಬಾರದು, ಮಲಗಿರ್ತಾರೆ, ಎದ್ದು ಬಂದವರು ವೋಟ್ ಹಾಕೋದಿದ್ರೂ ಹಾಕಲ್ಲ. ಐದರಿಂದ ಏಳು ಒಳ್ಳೆ ಟೈಮು, ಆಮೇಲೆ ಸೀರಿಯಲ್ಲು ಶುರು. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಹೋದ್ರೆ ಕುಂಕುಮ ತಗೊಳ್ದೆ ಬಿಡಲ್ಲ, ಕೂತ್ಕೊಳಿ ಅಂತಾರೆ, ಪಾನಕ ಮಜ್ಜಿಗೆ ಕೊಡ್ತಾರೆ, ಅಲ್ಲಿಗೆ ಆವತ್ತಿನ ಲೆಕ್ಕ ಅರ್ಧಕ್ಕೆ ನಿಲ್ಲುತ್ತೆ. ಆದ್ರೂ ಬೇಡ ಅನ್ನಬಾರದು. ಕೂತಾಗ ಅವರೇ ಹೇಳ್ತಾರೆ, ಮಗ ಪುಣೇಲಿದಾನೆ ಬರಲ್ಲ, ಸೊಸೆ ಹೆಸರು ಇನ್ನೂ ಅವರ ತವರುಮನೇಲಿದೆ, ಮೇಲಿನ ಮನೆ ಹುಡುಗ್ರು ವೋಟ್ ಮಾಡೋರಲ್ಲ ಅಂತೆಲ್ಲ. ಒಂದ್ ಲೋಟ ಮಜ್ಜಿಗೆಗೆ ಆರು ಬಾಕ್ಸ್ ತುಂಬುತ್ತೆ.

ನಾನು ಹೇಳ್ತಿದ್ದಿದ್ದು ಇಷ್ಟೇ: ನಮಸ್ಕಾರ, ಎಲೆಕ್ಷನ್ ವಿಷಯಕ್ಕೆ ಬಂದಿದೀವಿ, ನಿಮ್ಮನೇಲಿ ನಾಲ್ಕು ವೋಟ್ ತೋರಿಸ್ತಿದೆ ಸರೀನಾ, ನಿಮ್ಮ ಬೂತು ಇಂಥ ಸ್ಕೂಲು, ಕೋಣೆ ನಂಬರ್ ಇದು. ಅಷ್ಟಾದ್ಮೇಲೆ ಅಭ್ಯರ್ಥಿ ಹೆಸರು, ಗುರುತು, ಪಾಂಪ್ಲೆಟ್ಟು. ಮೊದಲೇ ಪಾಂಪ್ಲೆಟ್ ಚಾಚಿದ್ರೆ ಅವರು ಅದನ್ನ ಇಸ್ಕೊಂಡು ಬಾಗಿಲು ಹಾಕ್ಕೋತಾರೆ. ಪಟ್ಟಿ ತೋರ್ಸಿದ್ರೆ ಎಲ್ಲರೂ ಬಗ್ಗಿ ನೋಡ್ತಾರೆ, ತಮ್ಮ ಹೆಸರು ಹೆಂಗೆ ಪ್ರಿಂಟ್ ಆಗಿದೆ ಅಂತ ನೋಡೋ ಆಸೆ ಯಾರಿಗಿಲ್ಲ ಹೇಳಿ? ಅಂದಹಾಗೆ ಪಾಂಪ್ಲೆಟ್ ಮೇಲೆ ಪ್ರಿಂಟ್ ಮಾಡಿದೋರ ಹೆಸರು ವಿಳಾಸ ಇರಲೇಬೇಕು, ಇಲ್ದಿದ್ರೆ ಕೇಸ್ ಆಗುತ್ತೆ, ಯಾರಾದ್ರೂ ಕೈಗೆ ಕಟ್ಟು ಕೊಟ್ಟು ಹಂಚಿ ಅಂದ್ರೆ ಮೊದಲು ಅದನ್ನ ನೋಡ್ಕೊಳಿ.

ಆ ವರ್ಷ ಒಂದು ವಿಶೇಷ ಕಷ್ಟ ಇತ್ತು. ಹಿಂದಿನ ನವೆಂಬರಲ್ಲಿ, ಬಿಎಲ್‌ಒ (ಮತದಾರರ ಪಟ್ಟಿ ನೋಡ್ಕೊಳ್ಳೋ ಬೂತ್ ಮಟ್ಟದ ಅಧಿಕಾರಿ) ಅಂತ ಹೇಳ್ಕೊಂಡು ಮನೆ ಮನೆಗೆ ಬಂದು ವೋಟರ್ ಮಾಹಿತಿ ಕಲೆ ಹಾಕಿದ್ರು ಅನ್ನೋ ಆರೋಪ ಬೆಂಗಳೂರಲ್ಲಿ ದೊಡ್ಡ ಸುದ್ದಿ ಆಗಿತ್ತಲ್ಲ, ಅದರಿಂದ ಪಟ್ಟಿ ಹಿಡ್ಕೊಂಡು ಬಂದೋರನ್ನ ಕಂಡ್ರೆ ಅನುಮಾನ. "ನಿಮಗೆ ನಮ್ ಹೆಸರು ಹೆಂಗ್ ಸಿಕ್ತು" ಅಂತ ಕೇಳೋರು. ನ್ಯಾಯವಾದ ಪ್ರಶ್ನೆ. ಪಟ್ಟಿ ಚುನಾವಣಾ ಆಯೋಗದ ವೆಬ್‌ಸೈಟಲ್ಲೇ ಇದೆ, ಯಾರು ಬೇಕಾದ್ರೂ ತಗೋಬಹುದು, ಅದರಲ್ಲಿ ಫೋಟೋ ಇರಲ್ಲ ಅಂತ ತೋರಿಸ್ತಿದ್ದೆ. ಫೋನ್ ನಂಬರ್, ಆಧಾರ್, ಜಾತಿ, ಇವು ಮೂರನ್ನ ನಾನು ಯಾವತ್ತೂ ಕೇಳ್ಲಿಲ್ಲ. ನಂಬರ್ ಬೇಕೇಬೇಕು ಅಂತ ಆಫೀಸಲ್ಲಿ ಒತ್ತಾಯ ಮಾಡಿದ್ರು, ಅವರಾಗೇ ಕೊಟ್ರೆ ಬರ್ಕೊಂಡೆ, ಇಲ್ದಿದ್ರೆ ಇಲ್ಲ.

ಮತ್ತೆ ಜನ ಕೇಳೋ ಪ್ರಶ್ನೆಗಳು. ಬಿಬಿಎಂಪಿಲಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಲ್ಲೇ ಮುಗಿದು ಆಮೇಲೆ ಎಲೆಕ್ಷನ್ನೇ ಆಗಿರಲಿಲ್ಲ, ಹಾಗಾಗಿ ಚರಂಡಿ, ಬೀದಿ ದೀಪ, ಕಸದ ಗಾಡಿ, ಬೀದಿನಾಯಿ, ಎಲ್ಲಾ ದೂರೂ ನಮ್ಮ ತಲೆ ಮೇಲೆ. ಇದು ಎಮ್ಮೆಲ್ಲೆ ಎಲೆಕ್ಷನ್ ಅಂದ್ರೆ "ಮತ್ತೆ ಯಾರಿಗ್ ಹೇಳ್ಬೇಕು, ನೀವೇ ಹೇಳಿ" ಅಂತಾರೆ. ಉತ್ತರ ಇಲ್ಲ. ಕೇಳ್ಕೊಂಡು ಹಾಳೆ ಹಿಂದೆ ಬರ್ಕೊಂಡು ಬರ್ತಿದ್ದೆ, ಸುಳ್ಳು ಭರವಸೆ ಕೊಡ್ತಿರ್ಲಿಲ್ಲ. ವಠಾರಗಳಲ್ಲಿ ಇನ್ನೊಂದು ಪ್ರಶ್ನೆ, "ನಿಮ್ಮೋರು ಏನೂ ಕೊಡಲ್ವಾ, ಅವರು ಕುಕ್ಕರ್ ಕೊಟ್ರು". ಮೊದಮೊದಲು ಮುಜುಗರ ಆಗೋದು. ಒಬ್ಬ ಅಜ್ಜಿ ಮಾತ್ರ ನಗ್ತಾ ಹೇಳಿದ್ರು, "ಕೊಡೋರ ಹತ್ರ ಇಸ್ಕೋತೀನಿ, ಹಾಕೋರಿಗೆ ಹಾಕ್ತೀನಿ, ನೀನ್ ಯಾಕ್ ತಲೆ ಕೆಡಿಸ್ಕೋತೀಯ". ವಠಾರದಲ್ಲಿ ಒಂದ್ ಬಾಗಿಲಿಗೆ ಹೇಳಿದ್ರೆ ಎಂಟು ಮನೆಗೆ ಕೇಳುತ್ತೆ, ಅಪಾರ್ಟ್‌ಮೆಂಟಲ್ಲಿ ಸೆಕ್ಯೂರಿಟಿ ಒಳಗೇ ಬಿಡಲ್ಲ, ಅಸೋಸಿಯೇಷನ್ ಸೆಕ್ರೆಟರಿಗೆ ಫೋನ್ ಮಾಡಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೇಳ್ಕೋಬೇಕು. ನನಗೆ ವಠಾರವೇ ಇಷ್ಟ.

80 ದಾಟಿದವರಿಗೆ, ಅಂಗವಿಕಲರಿಗೆ ಮನೆಯಿಂದಲೇ ವೋಟ್ ಮಾಡೋ ಅವಕಾಶ ಆ ಎಲೆಕ್ಷನ್‌ನಲ್ಲಿ ಕೊಟ್ಟಿದ್ರು (2024ರಲ್ಲಿ ಅದು 85 ಆಯ್ತು). ಆದ್ರೆ ಅದಕ್ಕೆ ಫಾರಂ 12ಡಿ ಅಧಿಸೂಚನೆ ಬಂದ ಐದು ದಿನದೊಳಗೆ ಕೊಡಬೇಕು, ನಾವು ಮನೆಗೆ ಹೋಗೋ ಹೊತ್ತಿಗೆ ಆ ಬಸ್ಸು ಹೊರಟೋಗಿತ್ತು. ಹೋಗ್ಲಿ ಆಟೋ ಕಳಿಸಿ ಕರ್ಕೊಂಡು ಬರೋಣ ಅಂದ್ರೆ ಅದೂ ಆಗಲ್ಲ, ವೋಟರ್‌ಗಳನ್ನ ಪಾರ್ಟಿ ಕಡೆಯಿಂದ ಫ್ರೀಯಾಗಿ ಗಾಡೀಲಿ ಕರ್ಕೊಂಡು ಹೋಗೋದು ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಭ್ರಷ್ಟ ಆಚರಣೆ, ಅಭ್ಯರ್ಥಿ ಗೆದ್ರೂ ಕೇಸ್ ಹಾಕಬಹುದು. ಮನೆಯವರಿಗೇ ಹೇಳ್ಬೇಕು, ಬೆಳಿಗ್ಗೆ ಏಳಕ್ಕೇ ಕರ್ಕೊಂಡು ಬನ್ನಿ, ಕ್ಯೂ ಇರಲ್ಲ ಅಂತ.

"ನನ್ನೊಬ್ಬಳ ವೋಟಿಂದ ಏನಾಗುತ್ತೆ" ಅನ್ನೋರಿಗೆ ನಾನು ಸಂತೇಮರಹಳ್ಳಿ ಕಥೆ ಹೇಳ್ತಿದ್ದೆ. 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751, ಒಂದೇ ವೋಟು. ಹಿರಿಯರಿಗೆ ಗೊತ್ತಿರೋದು, ಐಟಿ ಹುಡುಗ್ರು ಮಾತ್ರ ಅದು ಎಲ್ಲೋ ಚಾಮರಾಜನಗರದ ಕಡೆ ಅನ್ನೋ ಥರ ನೋಡೋರು.

ಕೊನೇ 48 ಗಂಟೆ ಮೈಕಿಲ್ಲ, ಮೆರವಣಿಗೆ ಇಲ್ಲ, ಹೊರಗಿಂದ ಬಂದಿದ್ದ ಲೀಡರುಗಳೆಲ್ಲ ಕ್ಷೇತ್ರ ಬಿಟ್ಟು ಹೋಗ್ಬೇಕು. ಮನೆ ಮನೆಗೆ ಹೋಗೋದಕ್ಕೆ ಅಡ್ಡಿ ಇಲ್ಲ. ನಿಜವಾದ ಕೆಲಸ ಆಗ್ಲೇ ಆಗೋದು, ರೋಡು ನಿಶ್ಶಬ್ದವಾಗಿರುತ್ತೆ, ಜನಕ್ಕೂ ಎಲೆಕ್ಷನ್ ಹತ್ರ ಬಂತು ಅಂತ ತಲೇಲಿರುತ್ತೆ. ಹೊಸ ಮನೆ ಮುಟ್ಟಲ್ಲ, ಟಿಕ್ ಮತ್ತೆ ಪ್ರಶ್ನೆ ಚಿಹ್ನೆ ಇರೋರ ಮನೆಗೆ ಮಾತ್ರ ಹೋಗಿ ವೋಟರ್ ಚೀಟಿ ಕೈಗೆ ಕೊಡೋದು. ಬಿಳಿ ಹಾಳೆ, ಅದರ ಮೇಲೆ ಗುರುತಾಗ್ಲಿ ಅಭ್ಯರ್ಥಿ ಹೆಸರಾಗ್ಲಿ ಇರೋ ಹಾಗಿಲ್ಲ.

ವೋಟಿಂಗ್ ದಿನ ಬುಧವಾರ. ಜನ ಒಂದು ರಜಾ ಹಾಕಿ ನಾಲ್ಕು ದಿನ ಊರು ಸುತ್ತೋದು ಬೇಡ ಅಂತಲೇ ಬುಧವಾರ ಇಟ್ಟಿದ್ದು ಅಂತ ಆಗಿನ ಮುಖ್ಯ ಚುನಾವಣಾ ಆಯುಕ್ತರು ರಾಜೀವ್ ಕುಮಾರ್ ಅವರೇ ಹೇಳಿದ್ರು. ನಮ್ಮ ಟೇಬಲ್ಲು ಬೂತಿನಿಂದ 200 ಮೀಟರ್ ಆಚೆ, ಒಂದು ಟೇಬಲ್ ಎರಡು ಕುರ್ಚಿ, ಅದಕ್ಕಿಂತ ಜಾಸ್ತಿ ಇಡೋ ಹಾಗಿರಲಿಲ್ಲ. ಬೂತಿನ ಹತ್ರ ಮೊಬೈಲ್ ಬಿಡಲ್ಲ ಅಂತ ವಾಪಸ್ ಬಂದೋರೆಲ್ಲ "ಇಲ್ಲಿ ಇಡ್ತೀನಿ ಅಕ್ಕಾ" ಅಂತ ನಮ್ಮ ಟೇಬಲ್ ಮೇಲೆ ಫೋನ್ ಇಟ್ಟು ಹೋದ್ರು. ಎದುರು ಪಾರ್ಟಿ ವೋಟರ್‌ಗಳೂ ಇಟ್ರು. ಚೀಟಿಗೆ ಹಿಂದೆ ಕ್ರಮ ಸಂಖ್ಯೆ ಬರೆದು ಒಂದೊಂದು ಫೋನ್ ಕೆಳಗೆ ಇಟ್ಟಿದ್ದೆ, ಎಲ್ಲಾ ಒಟ್ಟಿಗೆ ರಿಂಗ್ ಆಗೋವು, ಆ ಗಲಾಟೇಲಿ ನಮ್ಮ ಹುಡುಗನಿಗೆ ಲೆಕ್ಕ ತಪ್ಪೋದು. ಮಧ್ಯಾಹ್ನ ಎರಡು ಗಂಟೆಗೆ ಪಟ್ಟಿ ತೆಗೆದು, ಟಿಕ್ ಇದ್ದು ಇನ್ನೂ ಬರದೆ ಇರೋರ ಮನೆಗೆ ಇಬ್ಬರು ಓಡೋದು. ನಿದ್ದೆ ಮಾಡ್ತಿದ್ರೆ ಆವತ್ತು ಮಾತ್ರ ಬೆಲ್ ಒತ್ತಬಹುದು. ಸಂಜೆ ಆರಕ್ಕೆ ಕ್ಯೂನಲ್ಲಿ ನಿಂತಿದ್ರೆ ಸಾಕು, ಟೋಕನ್ ಕೊಟ್ಟು ವೋಟ್ ಹಾಕಿಸ್ತಾರೆ, ಅದನ್ನ ಹೇಳಿ ಹೇಳಿ ಐದೂಮುಕ್ಕಾಲಿಗೆ ಚಪ್ಪಲಿ ಹಾಕ್ಕೊಳ್ಳೋಕೂ ಬಿಡದೆ ಕರ್ಕೊಂಡು ಬಂದಿದ್ದೂ ಇದೆ.

ನಮ್ಮ ಅಭ್ಯರ್ಥಿ ಸೋತ್ರು, ಹತ್ತಿರ ಹತ್ತಿರವೂ ಅಲ್ಲ. ಆದ್ರೆ ಆಮೇಲೆ ಫಾರಂ 20 ಬರುತ್ತೆ, ಅದರಲ್ಲಿ ಬೂತ್ ಬೂತಿಂದೂ ಲೆಕ್ಕ ಇರುತ್ತೆ, ಅದನ್ನ ನನ್ನ ಪೆನ್ಸಿಲ್ ಪಟ್ಟಿ ಪಕ್ಕ ಇಟ್ಟು ನೋಡಿದೆ. ಮಾತು ಮುಗಿಸೋಕೂ ಬಿಡದೆ "ಆಯ್ತು ಆಯ್ತು ನಿಮಗೇ" ಅನ್ನೋರು ಜಾಸ್ತಿ ಇದ್ದ ಬೂತಲ್ಲಿ ನಮ್ಮ ಟಿಕ್‌ಗಿಂತ ವೋಟು ತುಂಬಾ ಕಮ್ಮಿ. ಚರಂಡಿ ವಿಷಯಕ್ಕೆ ಹತ್ತು ನಿಮಿಷ ನಿಲ್ಲಿಸ್ಕೊಂಡು ಜಗಳ ಆಡಿದ ರೋಡುಗಳ ಬೂತಲ್ಲಿ ಲೆಕ್ಕ ಹೆಚ್ಚು ಕಮ್ಮಿ ಸರಿ ಬಂದಿತ್ತು. ಆಗಿಂದ ಬೇಗ ಒಪ್ಪೋರಿಗೆ ಪ್ರಶ್ನೆ ಚಿಹ್ನೆ ಹಾಕ್ತೀನಿ.

ಆ ಸಲವೇ ಪಕ್ಕದ ಜಯನಗರದಲ್ಲಿ ಮರು ಎಣಿಕೆ ಆಗಿ ರಾತ್ರಿ 16 ವೋಟಲ್ಲಿ ಫಲಿತಾಂಶ ಬಂತು, 2024ರ ಲೋಕಸಭೆಗೆ ಹೋದಾಗ ಸಂತೇಮರಹಳ್ಳಿ ಕಥೆ ಬಿಟ್ಟೆ, ಜಯನಗರ ಅಂದ್ರೆ ಐಟಿ ಹುಡುಗ್ರೂ ಒಂದು ಕ್ಷಣ ಫೋನಿಂದ ತಲೆ ಎತ್ತೋರು. ಆದ್ರೆ ಆ ಸಲ ವೋಟಿಂಗ್ ಏಪ್ರಿಲ್ 26, ಶುಕ್ರವಾರ, ಗುರುವಾರ ಸಂಜೆ ಹೋದ್ರೆ ಸುಮಾರು ಮನೆಗೆ ಬೀಗ. ಬೆಂಗಳೂರು ದಕ್ಷಿಣದಲ್ಲಿ 53% ಚಿಲ್ಲರೆ ಆಯ್ತು.

ಹಳೇ ಪಟ್ಟಿ ಇನ್ನೂ ಇಟ್ಕೊಂಡಿದೀನಿ, ಸೊನ್ನೆ ಗುರುತುಗಳಿಗೇ ಅದು ಬೇಕು. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆ, ವಾರ್ಡ್ ಗಡಿ ಎಲ್ಲಾ ಬದಲಾಗಿದೆ, ಯಾವ ಭಾಗ ಯಾವ ವಾರ್ಡಿಗೆ ಬಿತ್ತು ಅಂತ ಮೊದಲಿಂದ ಹೊಂದಿಸ್ಬೇಕು. ಈ ಸಲ ಪಾಲಿಕೆ ಎಲೆಕ್ಷನ್ನಿಗೆ ನಾಮಪತ್ರದ ತನಕ ಕಾಯೋದಿಲ್ಲ, ನಮ್ಮ ರೋಡಿಗೆ ಹೊಸದಾಗಿ ಬಂದಿರೋ ಬಾಡಿಗೆ ಮನೆಯವರ ಹತ್ರ ಪಟ್ಟಿಯಲ್ಲಿ ವಿಳಾಸ ಬದಲಾಯಿಸೋ ಫಾರಂ 8 ತುಂಬಿಸೋದು ಶುರು ಮಾಡಿದೀನಿ, ಯಾವ ಪಾರ್ಟಿ ಅಂತ ಅವರೂ ಕೇಳಿಲ್ಲ ನಾನೂ ಹೇಳಿಲ್ಲ.