ಬ್ಯಾಡಗಿ ಮೆಣಸಿನಕಾಯಿ ಹಾಕಿದ ಕಾಫಿ ಸ್ಟೌಟ್: ಆರನೇ ಬ್ಯಾಚಿಗೆ ಕೈ ಹತ್ತಿತು

ಜನವರಿ ಎರಡನೇ ವಾರ. ದಾವಣಗೆರೆಯಲ್ಲಿ ವರ್ಷಕ್ಕೆ ನಾಲ್ಕು ವಾರ ಸಿಗುವ ಚಳಿ. ರಾತ್ರಿ ಒಂಬತ್ತರ ಮೇಲೆ ನಮ್ಮ ಮನೆ ಮಾಳಿಗೆಯಲ್ಲಿ ನಾಲ್ಕು ಜನ ಕೂತಿದ್ವಿ. ಬೆಂಗಳೂರಿನಿಂದ ಬಂದಿದ್ದ ಗೆಳೆಯ ನಾನು ಮನೆಯಲ್ಲೇ ಮಾಡಿದ ಸ್ಟೌಟ್, ಅಂದರೆ ಹುರಿದ ಬಾರ್ಲಿಯ ಕಪ್ಪು ಬಿಯರ್, ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಏನೂ ಮಾತಾಡಲಿಲ್ಲ. ಹತ್ತು ಎಣಿಸುವಷ್ಟು ಹೊತ್ತಾದ ಮೇಲೆ ಗಂಟಲು ಮುಟ್ಟಿಕೊಂಡು, "ಈಗ ಬಂತು ನೋಡೋ" ಅಂದ.

ನನಗೆ ಬೇಕಾಗಿದ್ದದ್ದು ಅಷ್ಟೇ. ಮೊದಲು ಚಾಕೊಲೇಟಿನಂಥ ಕಹಿ, ಅದರ ಹಿಂದೆ ಕಾಫಿ, ನುಂಗಿದ ಮೇಲೆ ಗಂಟಲಲ್ಲಿ ಮೆಲ್ಲಗೆ ಏರುವ ಬಿಸಿ. ನಾಲಿಗೆ ತುದಿಯಲ್ಲಿ ಚುರ್ ಅನ್ನಬಾರದು.

ಎರಡು ವರ್ಷದ ಹಿಂದೆ ಇದೇ ಗೆಳೆಯ, "ಆಂಚೊ ಇಲ್ಲದೆ ಇದು ಆಗೋ ಮಾತಲ್ಲ ಕಣೋ, ಬ್ಯಾಡಗಿ ಅಂದ್ರೆ ಬರೀ ಬಣ್ಣ" ಅಂದಿದ್ದ. ಅಮೆರಿಕದವರು ಇಂಥ ಸ್ಟೌಟಿಗೆ ಆಂಚೊ, ಪಸಿಯಾ ಅಂತ ಮೆಕ್ಸಿಕೋದ ಒಣಮೆಣಸಿನಕಾಯಿ ಹಾಕ್ತಾರೆ, ನಿಜ. ಆಂಚೊ ಅಂದರೆ ಪೊಬ್ಲಾನೋ ಕಾಯಿಯನ್ನು ಹಣ್ಣಾಗಿಸಿ ಒಣಗಿಸಿದ್ದು. ಖಾರ ಕಡಿಮೆ, ಒಣದ್ರಾಕ್ಷಿಯಂಥ ಸಿಹಿ ವಾಸನೆ ಜಾಸ್ತಿ. ಆಮದು ಮಾಡಿದ ನೂರು ಗ್ರಾಂ ಪೊಟ್ಟಣದ ಬೆಲೆ ಕೇಳಿ ಫೋನ್ ಇಟ್ಟೆ. ಖಾರ ಕಡಿಮೆ, ಪರಿಮಳ ಜಾಸ್ತಿ ಇರೋ ಮೆಣಸಿನಕಾಯಿಯನ್ನು ಮೆಕ್ಸಿಕೋದಿಂದ ತರಿಸೋದು ಯಾಕೆ? ರಾಣೆಬೆನ್ನೂರು ದಾಟಿದರೆ ಬ್ಯಾಡಗಿ. ಹೈವೇ ಹಿಡಿದರೆ ಸುಮಾರು ಒಂದು ಗಂಟೆ ದಾರಿ.

ಬಿಯರ್ ಮಾಡೋದನ್ನು ಮೊದಲಿಂದ ಹೇಳ್ಕೊಡೋ ಬರಹ ಇದಲ್ಲ. ಇದು ಮಾರಾಟದ ಬಾಬತ್ತೂ ಅಲ್ಲ, ನಾಲ್ಕು ಗೆಳೆಯರ ಲೋಟಕ್ಕೆ. ನೇರವಾಗಿ ಕೆಟ್ಟ ಬ್ಯಾಚುಗಳಿಗೆ ಬರ್ತೀನಿ, ದುಡ್ಡು ಹೋದದ್ದೂ ಪಾಠ ಸಿಕ್ಕಿದ್ದೂ ಅಲ್ಲೇ.

ಮೊದಲನೇದರಲ್ಲಿ ಹಸಿಮೆಣಸಿನಕಾಯಿ ಸೀಳಿ, ಕುದಿಯುವಾಗಲೇ ಹಾಪ್ಸ್ (ಬಿಯರಿಗೆ ಕಹಿ ಕೊಡೋ ಹೂ) ಜತೆ ಹಾಕಿದೆ. ಮೂರು ವಾರದ ಮೇಲೆ ಬಾಟ್ಲಿ ತೆಗೆದರೆ ಬೇಯಿಸಿದ ಸೊಪ್ಪಿನ ವಾಸನೆ, ಹಿಂದಿನ ದಿನದ ಸಾರಿನ ಹಾಗೆ. ಖಾರ ಇತ್ತು, ಬಿಯರ್ ಇರಲಿಲ್ಲ. ಇಪ್ಪತ್ತು ಲೀಟರ್ ಚರಂಡಿಗೆ.

ಎರಡನೇದಕ್ಕೆ ಗುಂಟೂರು ಒಣಮೆಣಸಿನಕಾಯಿ ತಂದು, ಅಮ್ಮ ಸಾರಿನ ಪುಡಿಗೆ ಹುರಿಯೋ ಹಾಗೆ ಒಂದೇ ಒಂದು ಚಮಚ ಎಣ್ಣೆಯಲ್ಲಿ ಹುರಿದೆ. ಘಾಟಿಗೆ ಮನೆಯವರೆಲ್ಲ ಹೊರಗೆ. ರುಚಿ ಪರವಾಗಿರಲಿಲ್ಲ. ಆದರೆ ನೊರೆ? ಲೋಟಕ್ಕೆ ಸುರಿದ ಕೂಡಲೇ ಏಳ್ತಿತ್ತು, ಮೂರು ಎಣಿಸೋದರೊಳಗೆ ಸತ್ತು ಹೋಗ್ತಿತ್ತು. ಎಣ್ಣೆ ಒಂದು ಹನಿ ಇದ್ದರೂ ನೊರೆ ನಿಲ್ಲಲ್ಲ ಅಂತ ಓದಿದ್ದೆ. ನಾನು ಹಾಕಿದ್ದಲ್ಲದೆ ಮೆಣಸಿನಕಾಯಿಯ ಒಳಗೇ ಎಣ್ಣೆ ಇದೆ ಅನ್ನೋದು ಆಗ ಹೊಳೆಯಲಿಲ್ಲ. ನೊರೆ ಇಲ್ಲದ ಸ್ಟೌಟ್ ಅಂದರೆ ಆರಿದ ಡಿಕಾಕ್ಷನ್.

ಮೂರನೇದು ಏಪ್ರಿಲ್‌ನಲ್ಲಿ. ಅದನ್ನು ಮಾಡಲೇಬಾರದಿತ್ತು. ನಮ್ಮೂರಲ್ಲಿ ಏಪ್ರಿಲ್ ಅಂದರೆ ಮಧ್ಯಾಹ್ನ 38, 39 ಡಿಗ್ರಿ. ಒದ್ದೆ ಟವೆಲ್, ಐಸ್ ಬಾಟ್ಲಿ, ಟೇಬಲ್ ಫ್ಯಾನ್ ಎಲ್ಲ ಇಟ್ಟು ಯೀಸ್ಟನ್ನು 20ರ ಹತ್ತಿರ ಹಿಡಿದೆ ಅಂದುಕೊಂಡಿದ್ದೆ. ಗ್ರಾವಿಟಿ, ಅಂದರೆ ರಸದಲ್ಲಿ ಉಳಿದ ಸಕ್ಕರೆಯ ಅಳತೆ, ಪೂರ್ತಿ ಇಳಿಯೋ ಮೊದಲೇ ಆತುರಪಟ್ಟು ಬಾಟ್ಲಿಗೆ ತುಂಬಿದೆ. ಉಳಿದ ಸಕ್ಕರೆ ಬಾಟ್ಲಿಯೊಳಗೇ ಗ್ಯಾಸ್ ಆಯ್ತು. ಹನ್ನೊಂದನೇ ದಿನ ರಾತ್ರಿ ಎರಡು ಗಂಟೆಗೆ ಸಿಡಿಯೋಕೆ ಶುರು. ಏಳು ಬಾಟ್ಲಿ. ಬೆಳಿಗ್ಗೆ ಗೋಡೆ ತೊಳೆದು, ಹಳೇ ಸಾಮಾನಿನ ಅಂಗಡಿಯಿಂದ ಒಂದು ಹಳೇ ಫ್ರಿಜ್ ತಂದೆ. ನಾಲ್ಕೂವರೆ ಸಾವಿರ. ತಾಪಮಾನದ ಕಂಟ್ರೋಲರ್‌ಗೆ ಇನ್ನೊಂದು ಎಂಟುನೂರು. ಈ ಖರ್ಚು ಮೊದಲ ದಿನವೇ ಮಾಡಿದ್ದರೆ ಆ ಬ್ಯಾಚ್ ಉಳೀತಿತ್ತು. ನಮ್ಮ ಸೀಮೆಯಲ್ಲಿ ಬ್ರೂ ಮಾಡೋರು ಒಳ್ಳೇ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕೊಳ್ಳೋ ಮೊದಲು ಫ್ರಿಜ್ ಕೊಳ್ಳಿ.

ನಾಲ್ಕನೇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀಬೇಕು. ಎಲ್ಲರೂ ತಪ್ಪು ತಿಳ್ಕೊಂಡಿರೋದು ಇಲ್ಲೇ. ನಾನೂ ತಿಳ್ಕೊಂಡಿದ್ದೆ.

ಈ ಸಲ ಬ್ಯಾಡಗಿ, ಎಣ್ಣೆ ಇಲ್ಲದೆ ಹುರಿದದ್ದು. ಚಿಕ್ಕಮಗಳೂರಿನ ಅರೇಬಿಕಾ, ತೋಟದ ಪರಿಚಯದವರ ಹತ್ತಿರ ತಗೊಂಡಿದ್ದು, ಕೆಜಿಗೆ ಏಳುನೂರೋ ಏಳುನೂರೈವತ್ತೋ. ಹೊಸ ಫ್ಯಾಶನ್ ಪ್ರಕಾರ ತೆಳುವಾಗಿ ಹುರಿಸಿ, ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ಮೂರು ದಿನ ನೆನೆಸಿದೆ. ತಿಂಗಳವರೆಗೆ ಚೆನ್ನಾಗಿತ್ತು. ಎರಡನೇ ತಿಂಗಳಲ್ಲಿ ಮೂಗಿಗೆ ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿಟ್ಟ ವಾಸನೆ. ಕುಡಿದವರೆಲ್ಲ ಒಂದೇ ಮಾತು: "ಮೆಣಸಿನಕಾಯಿ ಹಾಕಿದರೆ ಹಿಂಗೇ ಆಗೋದು, ಬಿಟ್ಟುಬಿಡಪ್ಪ."

ಪುಣ್ಯಕ್ಕೆ ಆ ಬ್ಯಾಚಿನಲ್ಲಿ ನಾಲ್ಕು ಲೀಟರ್ ಬೇರೆ ತೆಗೆದಿಟ್ಟಿದ್ದೆ, ಕಾಫಿ ಮಾತ್ರ, ಮೆಣಸಿನಕಾಯಿ ಇಲ್ಲ. ಮೂತಿಗೆ ಬಿಳಿ ದಾರ ಕಟ್ಟಿದ್ದ ಬಾಟ್ಲಿಗಳು. ಒಂದು ತೆಗೆದು ಮೂಸಿದೆ. ಅದೇ ವಾಸನೆ! ಮೆಣಸಿನಕಾಯಿ ಸೋಕದ ಬಾಟ್ಲಿಯಲ್ಲಿ ದೊಣ್ಣೆಮೆಣಸಿನಕಾಯಿ. ಆಮೇಲೆ ಹುಡುಕಿ ಓದಿದೆ. ಕಾಫಿ ಬೀಜದಲ್ಲಿ ಪೈರಜಿನ್ ಅನ್ನೋ ಜಾತಿಯ ಅಂಶಗಳಿವೆ, ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆಯೂ ಅದೇ ಜಾತಿಯದ್ದು. ಕಾಫಿ ಬಿಯರ್ ಮಾಡೋರಿಗೆಲ್ಲ ಇದು ಹಳೇ ಕಾಟ. ನಾವು ಮೆಣಸಿನಕಾಯಿಯ ಮೇಲೆ ಹೊರಿಸಿದ್ದ ತಪ್ಪು ಕಾಫಿಯದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ಈಗ ನಾನು ಮಾಡೋದು: ಬೀಜವನ್ನು ಮಧ್ಯಮಕ್ಕಿಂತ ಒಂದು ಮೆಟ್ಟಿಲು ಮೇಲೆ ಹುರಿಸ್ತೀನಿ, ಪುಡಿ ಮಾಡಲ್ಲ, ಲಟ್ಟಣಿಗೆಯಲ್ಲಿ ಒಂದು ಸಲ ಜಜ್ಜಿ ಬಿಡ್ತೀನಿ. ಫರ್ಮೆಂಟೇಶನ್ (ಹುದುಗೋದು) ಮುಗಿದು, ಫ್ರಿಜ್‌ನಲ್ಲಿ ತಣ್ಣಗಾದ ಮೇಲೆ ಹಾಕೋದು. ಇಪ್ಪತ್ತು ಲೀಟರಿಗೆ ಇನ್ನೂರು ಗ್ರಾಂ ಹತ್ತಿರ. ಒಂದು ದಿನಕ್ಕಿಂತ ಕಡಿಮೆ ಹೊತ್ತು. ಎಷ್ಟು ಗಂಟೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ಅದಕ್ಕೆ ನಾನು ಎರಡು ವರ್ಷ ಕೊಟ್ಟಿದ್ದೀನಿ. ಚಿಕೋರಿ ಬೆರೆತ ಪುಡಿಯನ್ನೂ ಒಂದು ಲೀಟರಿನಲ್ಲಿ ನೋಡಿದೆ. ಮೈ ದಪ್ಪ ಬರುತ್ತೆ, ಆದರೆ ಹೋಟೆಲ್ ಕಾಫಿಯ ನೆನಪು ಎಷ್ಟು ಬಲವಾಗಿ ಬರುತ್ತೆ ಅಂದರೆ ಮೆಣಸಿನಕಾಯಿ ಹಿಂದೆ ಸರಿದುಬಿಡುತ್ತೆ.

ಐದನೇದು ಖಾರದ ಅಳತೆಯಲ್ಲಿ ಹೋಯ್ತು. ಅಷ್ಟೊತ್ತಿಗೆ ಮೆಣಸಿನಕಾಯಿಯನ್ನು ವೋಡ್ಕಾದಲ್ಲಿ ನೆನೆಸಿ ಆ ರಸ ಹಾಕೋದಕ್ಕೆ ಬಂದಿದ್ದೆ. ಖಾರದ ಕ್ಯಾಪ್ಸೈಸಿನ್ ನೀರಿಗಿಂತ ಆಲ್ಕೋಹಾಲಿನಲ್ಲಿ ಚೆನ್ನಾಗಿ ಬಿಡುತ್ತೆ, ಗೊತ್ತಿರೋದೇ. ಬ್ಯಾಡಗಿ ಅರ್ಧ, ಗುಂಟೂರು ಅರ್ಧ. ಫ್ರಿಜ್‌ನಿಂದ ತೆಗೆದ ತಣ್ಣನೆ ಸ್ಟೌಟನ್ನು ಐದು ಲೋಟಕ್ಕೆ ಹಾಕಿ, ಒಂದೊಂದಕ್ಕೆ ಒಂದೊಂದು ಪ್ರಮಾಣದ ರಸ ಬಿಟ್ಟು, ಸಾಲಾಗಿ ಕುಡಿದೆ. ನಾಲ್ಕನೇ ಲೋಟ ಹದವಾಗಿದೆ ಅನ್ನಿಸ್ತು. ಇಡೀ ಬ್ಯಾಚಿಗೆ ಅದೇ ಲೆಕ್ಕ ಹಾಕಿದೆ. ಮೂರು ವಾರ ಬಿಟ್ಟು ಬಾಟ್ಲಿ ತೆಗೆದರೆ ಅರ್ಧ ಲೋಟ ಮುಗಿಸೋಕಾಗಲಿಲ್ಲ. ಮಿರ್ಚಿ ಮಂಡಕ್ಕಿ ತಿಂದು ಬೆಳೆದ ನಾಲಿಗೆಗಳೇ ಸೋತವು.

ತಪ್ಪು ಎರಡು. ಒಂದು, ಖಾರ ತಿಂತಾ ತಿಂತಾ ನಾಲಿಗೆ ಮರಗಟ್ಟುತ್ತೆ, ನಾಲ್ಕನೇ ಲೋಟದ ಹೊತ್ತಿಗೆ ನನ್ನ ನಾಲಿಗೆ ಸುಳ್ಳು ಹೇಳ್ತಿತ್ತು. ಇನ್ನೊಂದು, ಖಾರ ಹಿಡಿಯೋ ನರವೇ ಬಿಸಿಯನ್ನೂ ಹಿಡಿಯೋದು. ತಣ್ಣಗಿದ್ದಾಗ ಖಾರ ಮಲಗಿರುತ್ತೆ, ಲೋಟ ಕೈಯಲ್ಲಿ ಬೆಚ್ಚಗಾಗ್ತಾ ಏಳುತ್ತೆ. 4 ಡಿಗ್ರಿಯಲ್ಲಿ ಹದ ನೋಡಿ 15 ಡಿಗ್ರಿಯಲ್ಲಿ ಕುಡಿದರೆ ಮೋಸ ಗ್ಯಾರಂಟಿ.

ಅದಕ್ಕೇ ಈಗ ದಿನಕ್ಕೆ ಒಂದೇ ಲೋಟ, ಊಟಕ್ಕೆ ಮುಂಚೆ. ಮೆಡಿಕಲ್ ಶಾಪಿನ ಒಂದು ಎಂಎಲ್ ಸಿರಿಂಜಿನಲ್ಲಿ ನೂರು ಎಂಎಲ್ ಸ್ಟೌಟಿಗೆ ಅಳೆದು ಬಿಡೋದು. ಲೋಟ ಇಪ್ಪತ್ತು ನಿಮಿಷ ಹೊರಗಿಟ್ಟು ಆಮೇಲೆ ಗುಟುಕು. ಮೊದಲ ದಿನ 0.2, ಮರುದಿನ 0.4, ಅದರ ಮರುದಿನ 0.6. ಮೂರು ದಿನ ಆಗುತ್ತೆ, ಆಗಲಿ. ಆರನೇ ಬ್ಯಾಚಿಗೆ 0.4 ನಿಂತಿತು. ಅಂದರೆ ಲೀಟರಿಗೆ 4 ಎಂಎಲ್, ಇಪ್ಪತ್ತು ಲೀಟರಿಗೆ 80. ನಿಮ್ಮ ಕಾಯಿ ಬೇರೆ, ನಿಮ್ಮ ಲೆಕ್ಕ ಬೇರೆ ಬರುತ್ತೆ. ಖಾರದ ತೀರ್ಮಾನ ಆಗಬೇಕಾದ್ದು ಲೋಟದಲ್ಲಿ. ಕುದಿಯೋ ಪಾತ್ರೆಗೆ ಹಾಕಿದ್ದನ್ನು ವಾಪಸ್ ತೆಗೆಯೋಕಾಗಲ್ಲ.

ಕಾಯಿ ಆರಿಸೋದು ಹೀಗೆ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಎರಡು ಬಗೆ. ಕಡ್ಡಿ ಉದ್ದ, ತೆಳು, ಸುಕ್ಕು ಜಾಸ್ತಿ. ಡಬ್ಬಿ ಗಿಡ್ಡ, ದುಂಡು, ಪರಿಮಳ ಜಾಸ್ತಿ. ನನಗೆ ಡಬ್ಬಿಯೇ ಸರಿ. ಬ್ಯಾಡಗಿಗೆ 2011ರಲ್ಲಿ ಜಿಐ ಟ್ಯಾಗ್ ಬಂದಿದೆ, ಬಣ್ಣ ತೆಗೆಯೋದಕ್ಕೇ ಫ್ಯಾಕ್ಟರಿಗಳು ಇದನ್ನು ಕೊಳ್ಳುತ್ತವೆ, ಹಾಗಾಗಿ ಬರೀ ಬಣ್ಣ ಅನ್ನೋ ಹೆಸರು ಬಂತು. ಆದರೆ ತೊಟ್ಟು ಮುರಿದು, ಬೀಜ ಉದುರಿಸಿ, ಒಳಗಿನ ಬಿಳಿ ನಾರನ್ನು ಉಗುರಿನಿಂದ ಕೆರೆದು ತೆಗೆದು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ ನೋಡಿ. ಸಿಪ್ಪೆ ಉಬ್ಬಿ ಹೊಳಪು ಬರುತ್ತೆ, ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗೋ ಮೊದಲು ಒಣದ್ರಾಕ್ಷಿಯ ವಾಸನೆ ಹೊಡೆಯುತ್ತೆ. ಅಲ್ಲೇ ಇಳಿಸಬೇಕು. ಇನ್ನರ್ಧ ನಿಮಿಷ ಬಿಟ್ಟರೆ ಕಮಟು. ಅರವತ್ತು ಗ್ರಾಂ ಸಿಪ್ಪೆಗೆ ಇನ್ನೂರು ಎಂಎಲ್ ವೋಡ್ಕಾ, ಐದು ದಿನ. ಆಮೇಲೆ ಸೋಸಿ ಒಂದು ರಾತ್ರಿ ಫ್ರೀಜರ್‌ನಲ್ಲಿ. ವೋಡ್ಕಾ ಹೆಪ್ಪುಗಟ್ಟಲ್ಲ, ಮೇಲೆ ಕೆಂಪು ಎಣ್ಣೆಯ ಪೊರೆ ಕಟ್ಟುತ್ತೆ. ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಇಳಿಸಿ. ನನ್ನ ನೊರೆ ಉಳಿದದ್ದು ಇದರಿಂದ.

ಮಸಾಲೆಗೆ ಅರ್ಧ ಬೆರಳುದ್ದ ಚಕ್ಕೆ, ಎರಡು ಏಲಕ್ಕಿ, ಅದೇ ವೋಡ್ಕಾಕ್ಕೆ ಕೊನೇ ದಿನ. ಲವಂಗ ಬೇಡ, ಹಲ್ಲುನೋವಿನ ಔಷಧ ಆಗುತ್ತೆ. ಇನ್ನೂ ಒಂದು ಪದಾರ್ಥ ಬೀಳುತ್ತೆ, ನಮ್ಮ ಅಡುಗೆಮನೆಯದ್ದೇ, ಅದು ನನ್ನ ಹತ್ತಿರ ಇರಲಿ.

ಉಳಿದದ್ದು ನೆನಪಿನಿಂದ: ಪೇಲ್ ಮಾಲ್ಟ್ ನಾಲ್ಕು ಕೆಜಿ ಚಿಲ್ಲರೆ, ಹುರಿದ ಬಾರ್ಲಿ 350 ಗ್ರಾಂ, ಚಾಕೊಲೇಟ್ ಮಾಲ್ಟ್ 250, ಕ್ರಿಸ್ಟಲ್ ಮಾಲ್ಟ್ 300, ಕಿರಾಣಿ ಅಂಗಡಿಯ ಓಟ್ಸ್ ಅರ್ಧ ಕೆಜಿ. ಮ್ಯಾಗ್ನಮ್ ಹಾಪ್ಸ್ 20 ಗ್ರಾಂ, ಒಂದು ಗಂಟೆ ಕುದಿಸೋದು. ಯೀಸ್ಟ್ ಎಸ್-04. ಗ್ರಾವಿಟಿ 1.058ರಿಂದ 1.016ಕ್ಕೆ ಇಳಿಯಿತು, ಆಲ್ಕೋಹಾಲ್ ಐದೂವರೆ ಪರ್ಸೆಂಟ್ ಆಸುಪಾಸು. ಒಂದು ಬ್ಯಾಚಿಗೆ ಎರಡೂವರೆ ಸಾವಿರ ಚಿಲ್ಲರೆ. ಐದು ಬ್ಯಾಚು ಕೆಟ್ಟು, ಫ್ರಿಜ್ ಸೇರಿ, ಹದಿನೆಂಟು ಸಾವಿರ ಹೋಗಿದೆ.

ಮಾಲ್ಟ್ ಒಡೆಸೋಕೆ ಮೊದಲು ಓಣಿಯ ಹಿಟ್ಟಿನ ಗಿರಣಿಗೇ ಹೋಗ್ತಿದ್ದೆ. ಕಲ್ಲು ಎಷ್ಟು ಸಡಿಲ ಬಿಟ್ಟರೂ ಅರ್ಧ ಹಿಟ್ಟಾಗಿ ಬಟ್ಟೆಚೀಲದಲ್ಲಿ ಗಂಜಿ ಕಟ್ಟೋದು. ಈಗ ಕೈಗಿರಣಿ. ಹುರಿದ ಬಾರ್ಲಿಯ ದುಡ್ಡು ಉಳಿಸೋಣ ಅಂತ ಎರಡು ಕೆಜಿ ಬಾರ್ಲಿಯನ್ನು ಮಂಡಕ್ಕಿ ಭಟ್ಟಿಗೂ ಒಯ್ದಿದ್ದೆ. ಕಾದ ಮರಳಿನಲ್ಲಿ ಹುರಿದುಕೊಟ್ಟರು, ದುಡ್ಡು ಬೇಡ ಅಂದರು. ಕಾಲುಭಾಗ ಅರಳಿಬಿಡ್ತು, ಉಳಿದದ್ದು ಹೊರಗೆ ಕಪ್ಪು, ಕಚ್ಚಿದರೆ ಒಳಗೆ ಬಿಳಿ. ಅವರ ಕೈಚಳಕ ಅಕ್ಕಿಗೆ ಪಳಗಿದ್ದು, ಅದು ಸೆಕೆಂಡುಗಳ ಕೆಲಸ. ಬಾರ್ಲಿಗೆ ಸಣ್ಣ ಉರಿ, ಮುಕ್ಕಾಲು ಗಂಟೆ ಬೇಕು. ಆದರೂ ಅದರಲ್ಲಿ ಒಂದು ಹಿಡಿ ಹಾಕಿದ ಲೀಟರಿನಲ್ಲಿ ಹುರಿಗಡಲೆಯಂಥ ರುಚಿ ಬಂದಿತ್ತು, ಮತ್ತೆ ನೋಡಬೇಕು.

ನೀರಿನದ್ದು ಒಂದು ಮಾತು. ನಮ್ಮ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತೆ. ಪೇಲ್ ಏಲ್ (ತಿಳಿಬಣ್ಣದ ಬಿಯರ್) ಮಾಡ್ತಿದ್ದಾಗ ಒಗರು ಬಂದು ಆರ್‌ಒ ಕ್ಯಾನ್ ತರ್ತಿದ್ದೆ. ಸ್ಟೌಟಿಗೆ ಅದೇ ಗಡಸು ನೀರು ವರ. ಕಪ್ಪು ಮಾಲ್ಟಿನ ಹುಳಿಯನ್ನು ಈ ನೀರು ತಿಂದುಬಿಡುತ್ತೆ, ಸ್ಟೌಟಿಗೆ ಹೆಸರಾದ ಡಬ್ಲಿನ್ನಿನ ನೀರೂ ಇದೇ ಜಾತಿಯದ್ದು. ಅರ್ಧ ಬೋರ್‌ವೆಲ್, ಅರ್ಧ ಆರ್‌ಒ ಹಾಕ್ತೀನಿ.

ಮತ್ತೆ ಆ ರಾತ್ರಿಗೆ. ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಅಂಚಿನಲ್ಲಿ ದಾಳಿಂಬೆ ಕೆಂಪು. ಬ್ಯಾಡಗಿಯ ಬಣ್ಣ ಅಂತ ಎಲ್ಲರೂ ಅಂದರು. ಅಲ್ಲ, ಸಾದಾ ಸ್ಟೌಟೂ ಹಾಗೇ ಕಾಣುತ್ತೆ, ಹುರಿದ ಬಾರ್ಲಿಯದ್ದು. ನೊರೆ ಬೆಲ್ಲದ ಬಣ್ಣ, ಲೋಟ ಮುಗಿಯೋವರೆಗೂ ಒಂದು ಬೆರಳು ದಪ್ಪ ನಿಂತಿತ್ತು. ಮಧ್ಯೆ ನಾಲಿಗೆ ತೊಳೆಯೋಕೆ ಒಗ್ಗರಣೆ ಇಲ್ಲದ ಸಪ್ಪೆ ಮಂಡಕ್ಕಿ, ಮೊಸರು. ನೀರು ಕುಡಿದರೆ ಖಾರ ಹರಡುತ್ತೆ ಹೊರತು ಇಳಿಯಲ್ಲ. ಬೆಂಗಳೂರಿನ ಗೆಳೆಯ ಎರಡನೇ ಲೋಟ ಕೇಳಿ ಹಾಕಿಸಿಕೊಂಡ, ಹೋಗುವಾಗ ಆರು ಬಾಟ್ಲಿ ಕಾರಿಗೆ ಹಾಕಿಕೊಂಡ. ಆಂಚೊ ಮಾತು ಎತ್ತಲಿಲ್ಲ.

ನನ್ನ ದೊಡ್ಡಪ್ಪ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ದಲಾಲಿ ಮಾಡಿದವರು. ಕುಡಿಯೋದಿಲ್ಲ. ಮರುದಿನ ಮನೆಗೆ ಬಂದಾಗ ಮೆಣಸಿನಕಾಯಿ ರಸದ ಬಾಟ್ಲಿಯ ಬಿರಡೆ ತೆಗೆದು ಕೊಟ್ಟೆ. ಕಣ್ಣು ಮುಚ್ಚಿ ಮೂಸಿದರು. "ಡಬ್ಬಿ. ಆದ್ರೆ ಹೊಸ ಕಾಯಿ ಅಲ್ಲಪ್ಪಾ ಇದು, ಕೋಲ್ಡ್ ಸ್ಟೋರೇಜಿಂದು" ಅಂದರು. ನಿಜ, ಹೋದ ವರ್ಷದ ಮಾಲು. "ಮುಂದಿನ ತಿಂಗಳು ಹೊಸ ಕಾಯಿ ಆವಕ ಜೋರಾಗುತ್ತೆ. ಎರಡು ಕೆಜಿ ಆರಿಸಿ ಇಟ್ಟಿರ್ತೀನಿ, ಬಂದು ತಗೊಂಡು ಹೋಗು."

ಏಳನೇ ಬ್ಯಾಚಿನ ಮಾಲ್ಟ್ ಬಂದು ಕೂತಿದೆ. ಬಿಸಿಲು ಏರೋದರೊಳಗೆ ಬಾಟ್ಲಿಗೆ ತುಂಬಬೇಕು.