ಊರ ಹತ್ರ ಟೋಲ್ ರೋಡ್ ಬರ್ತೈತಿ ಅಂದ್ರ ಏನ್ ಮಾಡ್ಬೇಕು? ತಕರಾರು ಹಾಕೋ ಆ 21 ದಿನ ಮಾತ್ರ ಕಳ್ಕೊಬ್ಯಾಡ್ರಿ

ಹೊಲದಾಗ ಯಾರೋ ಬಂದು ಕೆಂಪು ಬಣ್ಣ ಹಚ್ಚಿದ ಗೂಟ ಹೊಡ್ದು ಹೋಗಿದ್ರ ಸಿಟ್ಟು ಬಂದು ಕಿತ್ತು ಒಗೀಬ್ಯಾಡ್ರಿ. ಮೊದ್ಲು ಒಂದು ಫೋಟೋ ತೆಗಿರಿ, ಆಮೇಲೆ ಮೊಬೈಲ್‌ನಾಗ ದಿಶಾಂಕ್ ಆ್ಯಪ್ ತೆಗ್ದು ಆ ಗೂಟ ಯಾವ ಸರ್ವೆ ನಂಬರ್‌ನಾಗ ಐತಿ ಅಂತ ನೋಡಿ ತಾರೀಖು ಸಮೇತ ಬರ್ದಿಟ್ಕೊಳ್ರಿ. ರೋಡ್ ಎಲ್ಲಿ ಹಾಯ್ತೈತಿ ಅನ್ನೋ ಮೊದಲ ಸುಳಿವು ಅದು.

ನಮ್ಮ ಕಡಿ ಹೊಸ ರೋಡಿನ ಮಾತು ಶುರು ಆದ್ರ ಕಟ್ಟಿ ಮ್ಯಾಗ ಕುಂತು ಕೇಳೋದು ಎರಡೇ ಪ್ರಶ್ನೆ, ಎಕರೆಗೆ ಎಷ್ಟು ಕೊಡ್ತಾರ, ಟೋಲ್ ಎಲ್ಲಿ ಹಾಕ್ತಾರ. ಈ ಎರಡಕ್ಕೂ ಉತ್ತರ ಊರಿಗೆ ಮುಟ್ಟೋ ಹೊತ್ತಿಗೆ ತೀರ್ಮಾನ ಕಾಗದದ ಮ್ಯಾಗ ಆಗಿ ಹೋಗಿರ್ತೈತಿ. ಟೋಲ್ ಗೇಟ್ ಮುಂದ ಟ್ರ್ಯಾಕ್ಟರ್ ಅಡ್ಡ ನಿಲ್ಸಿ ಧರಣಿ ಮಾಡೋದು ತಪ್ಪಲ್ಲ, ಆದ್ರ ಅಷ್ಟೊತ್ತಿಗೆ ಭಾಳ ತಡ ಆಗಿರ್ತೈತಿ. ಅದಕ್ಕ ಯಾವ ಹಂತದಾಗ ಯಾರ ಹತ್ರ ಏನು ಕೇಳ್ಬೇಕು ಅಂತ ಇಲ್ಲಿ ಬರ್ದೀನಿ.

ರೋಡ್ ಯಾರದು ಅಂತ ಮೊದ್ಲು ತಿಳ್ಕೊಳ್ರಿ

ರಾಷ್ಟ್ರೀಯ ಹೆದ್ದಾರಿ ಆದ್ರ ಒಂದು ಕಾನೂನು, ರಾಜ್ಯ ಹೆದ್ದಾರಿ ಆದ್ರ ಇನ್ನೊಂದು. ಕೊಪ್ಪಳ ಮ್ಯಾಗ ಹಾದು ಹೋಗೋ 67, ಕುಷ್ಟಗಿ ಹೊಸಪೇಟೆ ಕಡಿ 50, ಸಿರುಗುಪ್ಪ ಬಳ್ಳಾರಿ ಕಡಿ 150ಎ, ಹುನಗುಂದದಿಂದ ರಾಯಚೂರಿಗೆ ಬರೋ 748ಎ ಇವೆಲ್ಲ ರಾಷ್ಟ್ರೀಯ ಹೆದ್ದಾರಿ. ಕೆಆರ್‌ಡಿಸಿಎಲ್, ಕೆಶಿಪ್ ಬೋರ್ಡ್ ಕಂಡ್ರ ಅದು ರಾಜ್ಯದ್ದು. ಗೊತ್ತಾಗ್ಲಿಲ್ಲ ಅಂದ್ರ 10 ರೂಪಾಯಿ ಕಟ್ಟಿ ಒಂದು ಆರ್‌ಟಿಐ ಹಾಕ್ರಿ. ಅಲೈನ್‌ಮೆಂಟ್ ಮ್ಯಾಪ್ (ರೋಡ್ ಹಾಯೋ ನಕ್ಷೆ), ಡಿಪಿಆರ್ (ಯೋಜನೆಯ ಪೂರ್ತಿ ವರದಿ), ಅಂಡರ್‌ಪಾಸ್ ಮತ್ತ ಸಿಡಿ (ನೀರು ಹಾಯಾಕ ರೋಡ್ ಕೆಳಗ ಕಟ್ಟೋ ಮೋರಿ) ಪಟ್ಟಿ, ಟೋಲ್ ಪ್ಲಾಜಾ ಜಾಗ, ನಾಕೂ ಒಂದೇ ಅರ್ಜಿಯಾಗ ಕೇಳ್ಬಹುದು, 30 ದಿನದಾಗ ಉತ್ತರ ಕೊಡ್ಬೇಕು.

ಪಹಣಿ ಸರಿ ಮಾಡ್ಕೊಳ್ರಿ, ಇವತ್ತೇ

ಇದನ್ನ ಯಾಕ ಒತ್ತಿ ಹೇಳ್ತೀನಿ ಅಂದ್ರ ನಮ್ಮ ಮನಿಯಾಗೇ ಆಗಿದ್ದು. ನಮ್ಮ ಚಿಕ್ಕಪ್ಪಂದು ನಾಕು ಎಕರೆ ಎರಿ ಹೊಲ, ಪಹಣಿ ಮಾತ್ರ ತೀರಿಹೋದ ಅಜ್ಜನ ಹೆಸರಲ್ಲೇ ಉಳಿದಿತ್ತು, ಫೌತಿ ಖಾತೆ ನಾಳೆ ಮಾಡ್ಸಿದ್ರಾತು ನಾಡ್ದು ಮಾಡ್ಸಿದ್ರಾತು ಅಂತ ಹನ್ನೊಂದು ವರ್ಷ ತಳ್ಳಿದ್ರು. ಗೆಜೆಟ್‌ನಾಗ ಅಜ್ಜನ ಹೆಸರು ಬಂತು, ಪೇಪರ್‌ನಾಗೂ ಅಜ್ಜನ ಹೆಸರೇ, ಮನಿಯಾಗ ಯಾರೂ ನೋಡ್ಲಿಲ್ಲ, ತಕರಾರು ಹಾಕೋ ದಿನ ದಾಟೇ ಹೋತು. ದುಡ್ಡು ಬರೋ ಹೊತ್ತಿಗೆ ಮೂರು ಮಂದಿ ಅಣ್ಣತಮ್ಮಂದಿರು, ಇಬ್ರು ಅತ್ತೆಯರ ಸಹಿ ಬೇಕಾಗಿ ಒಂದು ಕಚೇರಿಯಿಂದ ಇನ್ನೊಂದಕ್ಕ ಅಲ್ದು ಅಲ್ದು ಚಿಕ್ಕಪ್ಪನ ಚಪ್ಪಲಿ ಸವೀತು. ಹೊಲ ನಡು ಸೀಳಿ ರೋಡ್ ಹೋತು. ಈಗ ಆ ಕಡಿ ಉಳಿದ ತುಂಡಿಗೆ ಎತ್ತು ಹೊಡ್ಕೊಂಡು ಹೋಗ್ಬೇಕಂದ್ರ ಎರಡು ಕಿಲೋಮೀಟರ್ ಸುತ್ತು ಹಾಕ್ಬೇಕು. ಅಂಡರ್‌ಪಾಸ್ ಕೇಳಿದ್ರ ಸಿಗ್ತಿತ್ತೋ ಇಲ್ವೋ ಗೊತ್ತಿಲ್ಲ, ಕೇಳೋ ಅವಕಾಶಾನೇ ಕಳ್ಕೊಂಡ್ವಿ ಅನ್ನೋದು ಈಗ್ಲೂ ಚುಚ್ಚತೈತಿ.

ಅದಕ್ಕ ಹೆಸರು, ಎಕರೆ ಗುಂಟೆ, ಪೋಡಿ, ಬೋರ್‌ವೆಲ್, ಪೈಪ್‌ಲೈನ್, ಗಿಡ ಎಲ್ಲಾ ದಾಖಲೆಯಾಗ ಇರ್ಲಿ. ತುಂಗಭದ್ರಾ ಎಡದಂಡೆ ಕಾಲುವಿ ನೀರು ಬರೋ ಹೊಲ ಪಹಣಿಯಾಗ ಇನ್ನೂ ಖುಷ್ಕಿ ಅಂತಾನೇ ಇದ್ರ ಪರಿಹಾರಕ್ಕೂ ಖುಷ್ಕಿ ದರಾನೇ ಹಿಡೀತಾರ.

ಆ 21 ದಿನ

ರಾಷ್ಟ್ರೀಯ ಹೆದ್ದಾರಿಗೆ ಭೂಮಿ ತಗೊಳ್ಳೋದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಪ್ರಕಾರ. ಆಫೀಸ್‌ನಾಗ ಸಣ್ಣ ಎ, ದೊಡ್ಡ ಎ ಅಂತಾರ. 3 ಸಣ್ಣ ಎ ಅಂದ್ರ ಭೂಸ್ವಾಧೀನ ಅಧಿಕಾರಿ ನೇಮಕ, ಅದು ಆತಂದ್ರ ರೋಡ್ ಬರೋದು ಹತ್ರ ಬಂತು ಅಂತ ಲೆಕ್ಕ. 3 ದೊಡ್ಡ ಎ ಅಂದ್ರ ಇಂತಿಂಥ ಸರ್ವೆ ನಂಬರ್ ತಗೋತೀವಿ ಅಂತ ಗೆಜೆಟ್‌ನಾಗ ಹಾಕೋದು, ಅದರ ಸಾರಾಂಶ ಎರಡು ಸ್ಥಳೀಯ ಪೇಪರ್‌ನಾಗ ಬರ್ಬೇಕು, ಒಂದು ಕನ್ನಡದ್ದು ಆಗಿರ್ಬೇಕು. ಇದಾದ ಮ್ಯಾಗ 3ಸಿ ಅಡಿ ತಕರಾರು ಸಲ್ಲಿಸಾಕ 21 ದಿನ. ಪೇಪರ್ ಯಾವಾಗ ಓದಿದ್ರಿ ಅಂತ ಲೆಕ್ಕ ಹಾಕ್ಬ್ಯಾಡ್ರಿ, ಗೆಜೆಟ್ ತಾರೀಖಿಂದಾನೇ ಎಣಿಸಿ ಮುಂಚೇನೇ ಕೊಟ್ಬಿಡ್ರಿ. ಇ-ಗೆಜೆಟ್ ವೆಬ್‌ಸೈಟ್ ನೋಡಾಕ ಊರಾಗ ಡಿಗ್ರಿ ಓದೋ ಒಬ್ಬ ಹುಡುಗ್ಗೋ ಹುಡುಗಿಗೋ ಹೇಳಿ ಇಡ್ರಿ, ವಾರಕ್ಕೊಮ್ಮೆ ನೋಡಿದ್ರ ಸಾಕು.

ತಕರಾರು ಅರ್ಜಿಯಾಗ "ನಾವು ಭೂಮಿ ಕೊಡಂಗಿಲ್ಲ" ಅಂತ ಒಂದೇ ಸಾಲು ಬರ್ದು ಐವತ್ತು ಮಂದಿ ಸಹಿ ಹಾಕಿದ್ರ ಅದು ಒಂದೇ ಸಾಲಿನಾಗ ತಿರಸ್ಕಾರ ಆಗ್ತೈತಿ. ನಿಮ್ಮ ನಿಮ್ಮ ಹೊಲದ್ದು ಬ್ಯಾರೆ ಬ್ಯಾರೆ ಬರೀರಿ. ಈ ಸರ್ವೆ ನಂಬರ್‌ನಾಗ ಬಂಡಿದಾರಿ ಐತಿ, ಅದು ಮುಚ್ಚಿದ್ರ ಇಷ್ಟು ಮನಿಯವ್ರು ಹೊಲಕ್ಕ ಹೋಗಾಕ ದಾರಿ ಇಲ್ಲ. ಇಲ್ಲಿ ಹಳ್ಳದ ನೀರು ಹಾಯ್ತೈತಿ, ರೋಡ್ ಏರಿ ಹಾಕಿದ್ರ ಎರಿ ಮಣ್ಣಿನಾಗ ನೀರು ನಿಂತು ತೊಗರಿ, ಜ್ವಾಳ ಕೊಳೀತೈತಿ, ಅದಕ್ಕ ಇಲ್ಲಿ ಸಿಡಿ ಬೇಕು. ಹೀಂಗ ಬರೀರಿ, ಫೋಟೋ ಹಚ್ರಿ, ಮಳಿಗಾಲದ ಫೋಟೋ ಇದ್ರ ಇನ್ನೂ ಚೊಲೋ. ವಿಚಾರಣೆಗೆ ಕರೀತಾರ, ಖುದ್ದು ಹೋಗ್ರಿ ಇಲ್ಲ ವಕೀಲರನ್ನ ಕಳಿಸ್ರಿ. ರೋಡ್ ನಿಲ್ಲೋದು ಅಪರೂಪ, ಆದ್ರ ಸಿಡಿ, ಅಂಡರ್‌ಪಾಸ್ ಸೇರಿಸೋದು ಈ ಹಂತದಾಗ ಸಾಧ್ಯ ಐತಿ. ಸ್ವೀಕೃತಿ ಸೀಲ್ ಇಲ್ದ ಅರ್ಜಿ ಕೊಟ್ಟು ಬರ್ಬ್ಯಾಡ್ರಿ. 3 ದೊಡ್ಡ ಎ ಆಗಿ ಒಂದು ವರ್ಷದಾಗ 3ಡಿ, ಅಂದ್ರ ಭೂಮಿ ತಗೊಂಡೀವಿ ಅನ್ನೋ ಘೋಷಣೆ, ಆಗ್ಲಿಲ್ಲಂದ್ರ ಆ ದೊಡ್ಡ ಎ ತಾನಾಗೇ ಬಿದ್ದು ಹೋಗ್ತೈತಿ, 3ಡಿ ಆತಂದ್ರ ಭೂಮಿ ಕೇಂದ್ರ ಸರ್ಕಾರದ್ದು.

ರಾಜ್ಯದ ರೋಡಿಗೆ 2013ರ ಭೂಸ್ವಾಧೀನ ಕಾಯ್ದೆಯಾಗ 11ನೇ ಸೆಕ್ಷನ್ ನೋಟಿಫಿಕೇಷನ್ ಆದ್ರ ತಕರಾರಿಗೆ 60 ದಿನ.

ಪಂಚಾಯ್ತಿ ಠರಾವು, ಡಿಸಿ ಸಭೆ

ಪಂಚಾಯ್ತಿಗೆ ಹೆದ್ದಾರಿ ನಿಲ್ಸೋ ಅಧಿಕಾರ ಇಲ್ಲ. ಹಂಗಂತ ಗ್ರಾಮಸಭೆ ಬಿಡಬ್ಯಾಡ್ರಿ, ಸರ್ವಿಸ್ ರೋಡ್, ಬಸ್ ಸ್ಟಾಪ್, ಲೈಟು, ಸಾಲಿ ಮಕ್ಕಳು ದಾಟೋ ಜಾಗ ಇದೆಲ್ಲ ಠರಾವು ಮಾಡಿ ಪಿಡಿಒ ಸಹಿ ಹಾಕ್ಸಿ ಡಿಸಿಗೂ ಎಂಪಿ ಆಫೀಸಿಗೂ ಕಳಿಸಿದ್ರ ಒಬ್ಬೊಬ್ಬರ ಅರ್ಜಿಗಿಂತ ತೂಕ ಬರ್ತೈತಿ. ಪೂರ್ತಿ ಹೊಸ ರಾಷ್ಟ್ರೀಯ ಹೆದ್ದಾರಿ ಆದ್ರ ಪರಿಸರ ಸಾರ್ವಜನಿಕ ವಿಚಾರಣೆನೂ ಇರ್ತೈತಿ, ಕನಿಷ್ಠ 30 ದಿನ ಮುಂಚೆ ಪೇಪರ್‌ನಾಗ ಹಾಕ್ಬೇಕು, ಡಿಸಿ ಇಲ್ಲ ಅವರು ಕಳಿಸಿದ ಹಿರಿಯ ಅಧಿಕಾರಿ ಕುಂತು ಕೇಳ್ತಾರ. ವರದಿಯ ಕನ್ನಡ ಸಾರಾಂಶ ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿಯಾಗ ಸಿಗ್ತೈತಿ, ಹೋಗಿ ಓದ್ರಿ. ಅಲ್ಲಿ ಆಡಿದ ಮಾತು ನಡಾವಳಿಯಾಗ ದಾಖಲಾಗ್ತೈತಿ, ಅದಕ್ಕ ಜಗಳಕ್ಕಿಂತ ಸರ್ವೆ ನಂಬರ್ ಹೇಳಿ ಮಾತಾಡ್ರಿ.

ಪರಿಹಾರದ ಲೆಕ್ಕ

2015ರಿಂದ ಹೆದ್ದಾರಿ ಭೂಮಿಗೂ 2013ರ ಕಾಯ್ದೆ ಲೆಕ್ಕಾನೇ. ಸಬ್ ರಿಜಿಸ್ಟ್ರಾರ್ ಮಾರ್ಗಸೂಚಿ ದರ, ಇಲ್ಲಾ ಹಿಂದಿನ ಮೂರು ವರ್ಷದ ಅಕ್ಕಪಕ್ಕದ ಸೇಲ್ ಡೀಡ್‌ನಾಗ ಮ್ಯಾಲಿನ ಅರ್ಧದ ಸರಾಸರಿ, ಎರಡರಾಗ ಯಾವುದು ಜಾಸ್ತಿನೋ ಅದು. ಹಳ್ಳಿ ಭೂಮಿಗೆ ಅದಕ್ಕ 1ರಿಂದ 2ರ ತನಕ ಗುಣಕ, ಆಮೇಲೆ ಅಷ್ಟೇ ಮೊತ್ತ ಸೊಲೇಷಿಯಂ, ಅಂದ್ರ ಬಲವಂತವಾಗಿ ಭೂಮಿ ತಗೊಂಡಿದ್ದಕ್ಕ ಕೊಡೋ ಹೆಚ್ಚಿನ ದುಡ್ಡು. ದರ ಎಕರೆಗೆ 10 ಲಕ್ಷ, ಗುಣಕ ಒಂದೂವರೆ ಅಂತ ಹಿಡೀರಿ, 15 ಲಕ್ಷ ಆತು, ಸೊಲೇಷಿಯಂ ಸೇರಿ 30. ನಾವು ಸ್ಟ್ಯಾಂಪ್ ಡ್ಯೂಟಿ ಉಳಿಸಾಕ 25 ಲಕ್ಷದ ಹೊಲಾನ 8 ಲಕ್ಷ ಅಂತ ರಿಜಿಸ್ಟರ್ ಮಾಡ್ಸಿರ್ತೀವಲ್ಲ, ಆ 8 ಲಕ್ಷಾನೇ ನಾಳೆ ಇಡೀ ಊರಿನ ದರಕ್ಕ ಸಾಕ್ಷಿ ಆಗ್ತೈತಿ. ಮೊತ್ತ ಒಪ್ಪಿಗಿ ಆಗ್ಲಿಲ್ಲಂದ್ರ ಆರ್ಬಿಟ್ರೇಷನ್‌ಗೆ ಹೋಗ್ಬಹುದು, ಸಾಮಾನ್ಯವಾಗಿ ಡಿಸಿನೇ ಆರ್ಬಿಟ್ರೇಟರ್. ಚೆಕ್ ತಗೊಳ್ಳೋವಾಗ "ಆಕ್ಷೇಪಣೆಗೆ ಒಳಪಟ್ಟು" ಅಂತ ಬರ್ದು ಸಹಿ ಹಾಕ್ರಿ.

ಟೋಲ್ ಎಲ್ಲಿ, ಯಾರಿಗೆ ಎಷ್ಟು

2008ರ ಶುಲ್ಕ ನಿಯಮದ ಪ್ರಕಾರ ಪ್ಲಾಜಾ ಊರಿನ ಪುರಸಭೆ ಗಡಿಯಿಂದ 10 ಕಿಲೋಮೀಟರ್ ಆಚೆ ಇರ್ಬೇಕು, ಒಂದೇ ದಿಕ್ಕಿನಾಗ ಎರಡು ಪ್ಲಾಜಾ ನಡುವೆ 60 ಕಿಲೋಮೀಟರ್ ಇರ್ಬೇಕು. ಕಾರಣ ಬರ್ದು ಇದನ್ನ ಸಡಿಲಿಸಾಕ ಬರ್ತೈತಿ, ಅದಕ್ಕ ಆರ್‌ಟಿಐಯಾಗ ಆ ಕಾರಣದ ಕಾಪಿನೂ ಕೇಳ್ರಿ. ಹಳ್ಳಿಗೂ ಗಂಗಾವತಿ ಇಲ್ಲ ಸಿಂಧನೂರು ಮಾರ್ಕೆಟ್ಟಿಗೂ ನಡುವೆ ಗೇಟ್ ಬಂದ್ರ ಭತ್ತದ ಚೀಲದ ಮ್ಯಾಗ ಟೋಲ್ ಕೂಡ್ತೈತಿ, ಈ ಮಾತನ್ನ ಅಲೈನ್‌ಮೆಂಟ್ ಹಂತದಾಗೇ ಎತ್ತಬೇಕು.

ಪ್ಲಾಜಾದಿಂದ 20 ಕಿಲೋಮೀಟರ್ ಒಳಗ ಮನಿ ಇದ್ದು ಸ್ವಂತ ಬಳಕೆ ಕಾರ್ ಇದ್ರ ತಿಂಗಳ ಪಾಸ್ ಐತಿ, 2025-26ಕ್ಕ 350 ರೂಪಾಯಿ ಇತ್ತು, ಆರ್‌ಸಿ ಮತ್ತ ವಿಳಾಸದ ಆಧಾರ್ ಒಯ್ರಿ. ಸರ್ವಿಸ್ ರೋಡ್ ಆಗ್ಲಿ ಬ್ಯಾರೆ ದಾರಿ ಆಗ್ಲಿ ಇದ್ರ ಪಾಸ್ ಕೊಡಂಗಿಲ್ಲ ಅನ್ನೋ ಷರತ್ತೂ ಐತಿ. ಟಾಟಾ ಏಸ್‌ನಂಥ ಬಾಡಿಗಿ ಗಾಡಿಗೆ ಈ ಪಾಸ್ ಇಲ್ಲ, ಆದ್ರ ಪ್ಲಾಜಾ ಇರೋ ಜಿಲ್ಲೆಯಾಗೇ ರಿಜಿಸ್ಟರ್ ಆಗಿದ್ದು ನ್ಯಾಷನಲ್ ಪರ್ಮಿಟ್ ಇಲ್ಲಂದ್ರ ಅರ್ಧ ದರ. ಹಿಟ್ನಾಳ ಟೋಲ್ ಕೊಪ್ಪಳ ಜಿಲ್ಲೆಯಾಗ ಐತಿ, ಕೆಎ 37 ಗಾಡಿಗೆ ಸಿಗೋ ರಿಯಾಯ್ತಿ ಹೊಳಿ ಆಚೆ ಹೊಸಪೇಟೆಯ ಕೆಎ 35ಕ್ಕ ಲೆಕ್ಕಕ್ಕ ಬರಂಗಿಲ್ಲ. ಬೈಕು, ಆಟೋ, ಟ್ರ್ಯಾಕ್ಟರ್, ಎತ್ತಿನ ಬಂಡಿಗೆ ಶುಲ್ಕ ಇಲ್ಲ, ಆದ್ರ ಸರ್ವಿಸ್ ರೋಡ್ ಇದ್ದಲ್ಲಿ ಅವು ಅದರಾಗೇ ಹೋಗ್ಬೇಕು. ಅದಕ್ಕ ಸರ್ವಿಸ್ ರೋಡ್ ನಡುವೆ ತುಂಡಾಗದಂಗ ಊರಿಂದ ಊರಿಗೆ ಮುಟ್ಟಬೇಕು ಅಂತ ಠರಾವಿನಾಗ ಬರೀರಿ ಅಂದಿದ್ದು.

2025ರ ಆಗಸ್ಟ್ 15ಕ್ಕ 3000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ 200 ಟ್ರಿಪ್ ಇಲ್ಲಾ ಒಂದು ವರ್ಷ, ಯಾವುದು ಮೊದ್ಲು ಮುಗೀತೈತೋ ಅಲ್ಲಿ ತನಕ, ಖಾಸಗಿ ಕಾರ್ ಜೀಪ್ ವ್ಯಾನಿಗೆ ಮಾತ್ರ. ರಾಷ್ಟ್ರೀಯ ಹೆದ್ದಾರಿಯಾಗ ನಡೀತೈತಿ, ರಾಜ್ಯದ ಟೋಲ್‌ನಾಗ ದುಡ್ಡು ಬ್ಯಾರೆ ಕಟ್ ಆಗ್ತೈತಿ. ದರ ಪ್ರತಿ ಏಪ್ರಿಲ್ 1ಕ್ಕ ಬದಲಾಗ್ತೈತಿ. ಜಾಸ್ತಿ ಕಟ್ ಆದ್ರ, ಪಾಸ್ ಕೊಡಂಗಿಲ್ಲ ಅಂದ್ರ 1033ಕ್ಕ ಫೋನ್ ಹಚ್ಚಿ ದೂರಿನ ನಂಬರ್ ತಗೊಳ್ರಿ, ಗೇಟಿನ ಹುಡುಗ್ರ ಜೊತಿ ವಾದ ಮಾಡಿ ಉಪಯೋಗಿಲ್ಲ, ದರ ನಿಗದಿ ಮಾಡೋರು ಅವ್ರಲ್ಲ.